ಅಣವೀರಪ್ಪ ಅಲ್ಲಾಡಲಿಲ್ಲ

ಶನಿವಾರ ಸಂಜೆ ಆರೂವರೆಗೆ ವಿಲೆ ಪಾರ್ಲೆಯಲ್ಲಿ ಲೋಕಲ್ ಹತ್ತಿದ ನನಗೆ ಸೀಟು ಸಿಕ್ಕಿತು. ಕೇಳದೇ ಸಿಕ್ಕಿತು! ಕಾಲೇಜು ಹುಡುಗನೊಬ್ಬ ನನ್ನ ಮುಖ ನೋಡಿದವನೇ ಎದ್ದು ನಿಂತ. ವಡಾಲಾದಲ್ಲಿ ಗಾಡಿ ಬದಲಿಸಿದೆ. ಅಲ್ಲಿ ಒಬ್ಬರಲ್ಲ, ಇಬ್ಬರು ಎದ್ದರು. ಪಕ್ಕದಲ್ಲಿದ್ದ ಹಿರಿಯರು ನೀರಿನ ಬಾಟಲಿ ಮುಂದೆ ಮಾಡಿದರು. ಇಪ್ಪತ್ತೇಳು ವರ್ಷ ಈ ಲೋಕಲ್‌ಗಳಲ್ಲಿ ಮೊಣಕೈ ತಿಂದು ಬದುಕಿದ ನನಗೆ ಕಣ್ಣು ತುಂಬಿ ಬಂತು. ಕಂಕುಳಲ್ಲಿ ಡ್ರಾಯಿಂಗ್ ಬೋರ್ಡು, ಕೈಯಲ್ಲಿ ಬಣ್ಣದ ಡಬ್ಬಿ. ಕಲಾವಿದನೆಂದರೆ ಈ ನಗರಕ್ಕೆ ಇಷ್ಟೊಂದು ಗೌರವವೇ ಎಂದುಕೊಂಡು, ಬಾಟಲಿಯಿಂದ ಎರಡು ಗುಟುಕು ಕುಡಿದು, ಚೆಂಬೂರಿನಲ್ಲಿ ರಾಜಗಾಂಭೀರ್ಯದಿಂದ ಇಳಿದೆ.

ಮನೆಯ ಬಾಗಿಲು ತೆರೆದ ಹೆಂಡತಿ ಸೌಮ್ಯಾ ಒಂದು ಕ್ಷಣ ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು. "ಯಾರ್ ಹೊಡದ್ರು?"

ಕನ್ನಡಿಯ ಮುಂದೆ ಹೋಗಿ ನಿಂತೆ. ಎಡಗಣ್ಣಿನ ಸುತ್ತ ನೇರಳೆ ಬಣ್ಣದ ಬಳೆ. ಕೆನ್ನೆಯ ಮೂಳೆಯ ಮೇಲೆ ಕೆಂಪು. ತುಟಿಯ ಕೊನೆಯಲ್ಲಿ ಹಸಿರು. ಪೊಲೀಸ್ ಠಾಣೆಯಿಂದ ಈಗಷ್ಟೇ ಬಿಡುಗಡೆಯಾದವನ ಮುಖ!

ಆಯಿಲ್ ಪೇಸ್ಟಲ್ ಎಂಬುದು ಎಣ್ಣೆ ಬೆರೆಸಿದ ಬಣ್ಣದ ಕಡ್ಡಿ. ಅದು ಕಾಗದಕ್ಕೆ ಹತ್ತುವುದಕ್ಕಿಂತ ಎರಡು ಪಟ್ಟು ಕೈಗೆ ಹತ್ತುತ್ತದೆ. ಪೂರ್ತಿ ಒಣಗುವ ಮಾತೇ ಇಲ್ಲ. ನೀರಿಗಂತೂ ಜಗ್ಗುವುದಿಲ್ಲ. ನಾನು ಶನಿವಾರ ಹೋಗುವ ವಿಲೆ ಪಾರ್ಲೆಯ ಚಿತ್ರಕಲೆ ಕ್ಲಾಸಿನಲ್ಲಿ ಆವತ್ತು ಫ್ಯಾನು ಕೆಟ್ಟಿತ್ತು. ನೆರಳು ತಿಕ್ಕಿದ ಬೆರಳಿನಿಂದಲೇ ನಾನು ಬೆವರೂ ಒರೆಸಿಕೊಂಡಿದ್ದೆ. ಸೌಮ್ಯಾ ಕೊಬ್ಬರಿ ಎಣ್ಣೆ ಹಚ್ಚಿ, ಕಡಲೆ ಹಿಟ್ಟು ತಿಕ್ಕಿ, ಅರ್ಧ ತಾಸಿನಲ್ಲಿ ನನ್ನನ್ನು ಮನುಷ್ಯನನ್ನಾಗಿ ಮಾಡಿದಳು.

ಇಷ್ಟಕ್ಕೆಲ್ಲ ಹಿಂಜರಿಯುವ ಪ್ರಾಣಿ ನಾನಲ್ಲ. ಮಲಾಡ್‌ನ ಆಫೀಸಿನಲ್ಲಿ ದಿನಕ್ಕೆ ನೂರು ಕಾಗದಗಳ ಮೇಲೆ ಒಂದೇ ತರಹದ ಸಹಿ ಹಾಕಿ ಹಾಕಿ ಜೋಮು ಹಿಡಿದ ಈ ಕೈ, ಐವತ್ತೆರಡನೇ ವಯಸ್ಸಿನಲ್ಲಿ ಕಲೆಯನ್ನು ಉದ್ಧರಿಸಲು ಹೊರಟಿತ್ತು. ಹೂವು, ಹಣ್ಣು, ಹೂಜಿ ಇವೆಲ್ಲ ಮಕ್ಕಳಿಗೆ. ನಾನು ಬರೆಯುವುದಾದರೆ ಮನುಷ್ಯನನ್ನೇ, ಅದೂ ಜೀವಂತ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡೇ ಎಂದು ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಘೋಷಿಸಿಯೂ ಆಗಿತ್ತು. ಎರಡು ಹೆಬ್ಬೆರಳು ಬಂದಿದ್ದವು. ಅದರಲ್ಲಿ ಒಂದು ನನ್ನದೇ.

ಮೊದಲ ಪ್ರಯೋಗ ಸೌಮ್ಯಾಳ ಮೇಲೆ ನಡೆಯಿತು. ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು; ಕುಕ್ಕರು ಮೂರು ಸಲ ಕೂಗುವುದರೊಳಗೆ ಮುಗಿಸಬೇಕೆಂಬ ಕರಾರು. ಮುಗಿಸಿ ತೋರಿಸಿದೆ. ಅವಳು ಕಾಗದವನ್ನು ನೆಟ್ಟಗೆ ನೋಡಿದಳು, ಅಡ್ಡ ಹಿಡಿದು ನೋಡಿದಳು, ಕೊನೆಗೆ ತಲೆಕೆಳಗು ಮಾಡಿದಳು.

"ಹಿಂಗ ಹಿಡದ್ರ ಸ್ವಲ್ಪ ನಮ್ಮ ತಂಗಿ ಹಂಗ ಕಾಣ್ತದ," ಎಂದಳು.

ಕ್ಲಾಸಿನ ಟೀಚರ್ ಯಕ್ಷಿತಾ, ಇಪ್ಪತ್ತಾರರ ಹುಡುಗಿ. ಮನೆಯಲ್ಲಿ ತುಳು, ಹೊರಗೆ ಹಿಂದಿ. ನನ್ನ ಮೇಲಿನ ಕರುಣೆಯಿಂದ ಮಾತ್ರ ಕನ್ನಡ. ಚಿತ್ರ ನೋಡಿ, "ಅಂಕಲ್, ನಿಮಗೆ ಗೊತ್ತಿರೋದನ್ನ ಬರೀತಿದ್ದೀರಿ. ಕಾಣೋದನ್ನ ಬರೀರಿ. ಯಾರನ್ನಾದ್ರೂ ಎರಡು ಅವರ್ ಸ್ಟಿಲ್ ಕೂರಿಸಿ," ಎಂದಳು.

ಮುಂಬೈಯಲ್ಲಿ ಎರಡು ತಾಸು ಅಲ್ಲಾಡದೆ ಕೂರುವವರು ಯಾರಿದ್ದಾರೆ? ಸತ್ತವರನ್ನೂ ಇಲ್ಲಿ ಅಷ್ಟು ಹೊತ್ತು ಇಟ್ಟುಕೊಳ್ಳುವುದಿಲ್ಲ. ಯೋಚಿಸುತ್ತ ಲಿಫ್ಟ್ ಹತ್ತಿದೆ. ಉತ್ತರ ಲಿಫ್ಟಿನಲ್ಲೇ ಸ್ಟೂಲಿನ ಮೇಲೆ ಕೂತಿತ್ತು.

ಅಣವೀರಪ್ಪ ನಮ್ಮ ಬಿಲ್ಡಿಂಗಿನ ಲಿಫ್ಟ್‌ಮನ್. ಕಲಬುರಗಿಯ ಚಿತ್ತಾಪುರ ಕಡೆಯವನು. ಏಳು ಮಹಡಿಯ ನಮ್ಮ ಬಿಲ್ಡಿಂಗಿಗೆ ಅದು ಹುಟ್ಟಿದಾಗಿನ ಲಿಫ್ಟೇ ಇದೆ: ಮರದ ಪೆಟ್ಟಿಗೆ, ಒಂದು ಬಲ್ಬು, ಎರಡು ಜಾಳಿಗೆ ಬಾಗಿಲು. ಎರಡೂ ಬಾಗಿಲು ಹಾಕದಿದ್ದರೆ ಅದು ಇದ್ದಲ್ಲಿಂದ ಕದಲುವುದಿಲ್ಲ. ಆ ಪೆಟ್ಟಿಗೆಯೊಳಗೆ ಅಣವೀರಪ್ಪ ಇಪ್ಪತ್ತಾರು ವರ್ಷದಿಂದ ಕೂತಿದ್ದಾನೆ. ಅವನೂ ಅವನ ಹೆಂಡತಿ ಸೋಮವ್ವಳೂ ಇರುವುದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ.

ಆ ವಾರವೇ ಲಿಫ್ಟಿನ ಪಕ್ಕದಲ್ಲಿ ನೋಟಿಸು ಅಂಟಿತ್ತು. ಭಾನುವಾರ ಸಂಜೆ ಆರಕ್ಕೆ ಟೆರೇಸಿನ ಮೇಲೆ ಸೊಸೈಟಿ ಮೀಟಿಂಗ್. ವಿಷಯ ಒಂದೇ: ಆಟೋಮ್ಯಾಟಿಕ್ ಲಿಫ್ಟು. ಸೆಕ್ರೆಟರಿ ಟಿಪ್ಣೀಸ್ ಒಳ್ಳೆಯ ಮನುಷ್ಯ; ಆದರೆ ಗುಂಡಿ ಒತ್ತಿದರೆ ಆಗುವ ಕೆಲಸವನ್ನು ಮನುಷ್ಯ ಮಾಡುವುದು ಅವರಿಗೆ ಸಹಿಸದು. ಹೊಸ ಲಿಫ್ಟ್ ಬಂದರೆ ಲಿಫ್ಟ್‌ಮನ್ ಬೇಡ. ಲಿಫ್ಟ್‌ಮನ್ ಇಲ್ಲವೆಂದರೆ ಮೆಟ್ಟಿಲ ಕೆಳಗಿನ ಕೋಣೆಯೂ ಇಲ್ಲ. ಅಣವೀರಪ್ಪ ಈ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಸೋಮವ್ವ ಮಾತ್ರ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಗ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ನಾನು ನಿರ್ಧರಿಸಿಬಿಟ್ಟೆ. ಅಣವೀರಪ್ಪನನ್ನು ಬರೆಯುವುದು, ಮೀಟಿಂಗಿನಲ್ಲಿ ಎತ್ತಿ ತೋರಿಸುವುದು, ಎಲ್ಲರೂ ಕರಗುವುದು, ಅವನ ಕೆಲಸ ಉಳಿಯುವುದು! ಸೌಮ್ಯಾ ಇದನ್ನು ಕೇಳಿ, ಅದರ ಬದಲು ನಾಲ್ಕು ಮನೆಗೆ ಹೋಗಿ ಮಾತಾಡಿ ಬನ್ನಿ, ಒಂದು ಅರ್ಜಿಗೆ ಸಹಿ ಹಾಕಿಸಿ ಎಂದಳು.

"ಅರ್ಜಿ ತಲಿಗೆ ಮುಟ್ಟತದ ಸೌಮ್ಯಾ. ಚಿತ್ರ ಹೃದಯಕ್ಕ ಹತ್ತತದ," ಎಂದೆ.

"ಹತ್ತಿದ್ದು ತೊಳಿಯೋದು ಹೆಂಗ ಅಂತ ಮೊದಲ ಕಲೀರಿ," ಎಂದಳು.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಊಟ ಮಾಡಿ ಇಡೀ ಬಿಲ್ಡಿಂಗ್ ಮಲಗಿರುವ ಹೊತ್ತು. ಲಿಫ್ಟನ್ನು ನಮ್ಮ ಐದನೇ ಮಹಡಿಗೆ ತರಿಸಿ, ಎರಡೂ ಜಾಳಿಗೆ ಬಾಗಿಲು ಪೂರ್ತಿ ಸರಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಒಳಗೆ ಬಲ್ಬಿನ ಕೆಳಗೆ ಅಣವೀರಪ್ಪ, ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು.

"ಅಲ್ಲಾಡಬ್ಯಾಡ್ರಿ ಅಣವೀರಪ್ಪಣ್ಣ. ನಾ ಸಾಕು ಅನ್ನೂ ತನಕ ಮಾತೂ ಬ್ಯಾಡ."

"ಉಸಿರಾಡ್ಲಿಕ್ಕ ನಡೀತದೇನ್ರಿ?"

"ಸಣ್ಣಗ."

ಅಷ್ಟೇ. ಆ ಮನುಷ್ಯ ಕಲ್ಲಾದ. ನಾನು ಮೊದಲ ಗೆರೆ ಎಳೆದೆ, ಎಳೆದವನು ನಿಂತುಬಿಟ್ಟೆ. ಹತ್ತೊಂಬತ್ತು ವರ್ಷ ಇವನ ಜೊತೆ ಮೇಲೆ ಕೆಳಗೆ ಓಡಾಡಿದ್ದೇನೆ. ನಾನು ನೋಡಿದ್ದು ಇವನ ಹಿಂಗತ್ತು ಮತ್ತು ಎಡಗಿವಿ ಮಾತ್ರ! ಲಿಫ್ಟ್‌ಮನ್ ಬಾಗಿಲಿಗೆ ಮುಖ ಮಾಡಿ ಕೂರುತ್ತಾನೆ, ನಾವು ಅವನ ಬೆನ್ನಿಗೆ ನಿಲ್ಲುತ್ತೇವೆ. ಬಲಗಡೆ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗುರುತಿದೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು.

ಯಕ್ಷಿತಾ ಹೇಳಿದ್ದು ನಿಜವಾಗಿತ್ತು. ಮುಖಕ್ಕೆ ಕಂದು ಕಡ್ಡಿ ತೆಗೆದವನು ಡಬ್ಬಿಗೆ ವಾಪಸು ಹಾಕಿದೆ. ಕಂದು ಎಲ್ಲಿಯೂ ಕಾಣಲಿಲ್ಲ. ಬಲ್ಬು ಬಿದ್ದ ಹಣೆ ಕಿತ್ತಳೆ, ಹೊರಗಿನ ಗೋಡೆಯ ಬಣ್ಣ ಬಡಿದ ದವಡೆ ಹಸಿರು, ಕಣ್ಣಿನ ಕೆಳಗೆ ನೇರಳೆ. ಒಂದರ ಮೇಲೊಂದು ಬಣ್ಣ ಹಚ್ಚಿ ಬೆರಳಿನಿಂದ ತಿಕ್ಕಿದೆ. ಮೂಗು ಬದನೆಕಾಯಿಯಾಯಿತು. ಬ್ಲೇಡಿನಿಂದ ಹೆರೆದೆ. ಎರಡನೇ ಮೂಗು ಟಿಪ್ಣೀಸರದಾಯಿತು. ಅದನ್ನೂ ಹೆರೆದೆ. ಕಾಲದ ಪರಿವೆ ಹಾರಿಹೋಯಿತು.

ಕೆಳಗಿನಿಂದ ಯಾರೋ "ಗೇಟ್ ಬಂದ್ ಕರೋ", ಬಾಗಿಲು ಹಾಕಿ, ಎಂದು ಕೂಗುತ್ತಿದ್ದರು. ನಮ್ಮ ಬಿಲ್ಡಿಂಗಿನಲ್ಲಿ ಈ ಕೂಗು ಕಾಗೆಯ ಕೂಗಿದ್ದಂತೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನೂ ಹಾಕಿಕೊಳ್ಳಲಿಲ್ಲ.

ಮೊದಲು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವರು ಮೂರನೇ ಮಹಡಿಯ ಜ್ಯೋತ್ಸ್ನಾಬೆನ್. ಮನೆಗೆ ಬೀಗ, ಅದರ ಕೀಲಿ ಅಣವೀರಪ್ಪನ ಬಳಿ. ಕೇಳಿದರು. ಅಣವೀರಪ್ಪ ಅಲ್ಲಾಡಲಿಲ್ಲ. ಬರೀ ಕಣ್ಣುಗುಡ್ಡೆಗಳನ್ನು ಕೆಳಗೆ ಎಡಕ್ಕೆ ಹೊರಳಿಸಿದ. ಅವನ ಸೊಂಟದಲ್ಲಿ ಆರು ಮನೆಗಳ ಕೀಲಿಗೊಂಚಲು. ಅವರು ತಾವೇ ಬಿಚ್ಚಿಕೊಂಡು, ನನ್ನನ್ನು ಒಮ್ಮೆ ದುರುಗುಟ್ಟಿ ಹೋದರು.

ಆಮೇಲೆ ನಾಲ್ಕನೇ ಮಹಡಿಯ ನವಾಜ ಬಂದ. ಬಾಗಲಕೋಟೆ ಕಡೆಯವನು, ಎಸಿ ರಿಪೇರಿ ಕೆಲಸ.

"ಕಾಕಾ, ಅಮ್ಮೀದು ಬಿಪಿ ಗುಳಗಿ ಮೆಡಿಕಲ್‌ದಾಂವ ಕೊಟ್ ಹೋಗ್ಯಾನಂತ. ಎಲ್ಲಿಟ್ರಿ?"

ಕಾಕಾನ ಕಣ್ಣು ಕೆಳಗೆ ಹೋದವು, ಬಲಕ್ಕೆ ಹೊರಳಿದವು, ಮೇಲೆ ಏರಿದವು. ನವಾಜ ನನ್ನ ಕಡೆ ನೋಡಿದ. ಮಾತಾಡಿಸಬೇಡ, ಬಾಯಿ ಬರೆಯುತ್ತಿದ್ದೇನೆ ಎಂದೆ. ಅವನು ಮೊಣಕಾಲೂರಿ ಕೂತು ಒಂದೊಂದೇ ಜಾಗದ ಹೆಸರು ಹೇಳತೊಡಗಿದ. ಕೋಣೆಯೊಳಗೆ? ಕಣ್ಣು ಸುಮ್ಮನಿದ್ದವು. ಟಪಾಲು ಡಬ್ಬಿಯಲ್ಲಿ? ಸುಮ್ಮನಿದ್ದವು. ಮೀಟರ್ ಪೆಟ್ಟಿಗೆ ಮೇಲೆ? ರೆಪ್ಪೆ ಒಮ್ಮೆ ಬಡಿಯಿತು. ನವಾಜ ಐದು ಮಹಡಿ ಇಳಿದು ಓಡಿದ.

ಐದೂವರೆಯ ಹೊತ್ತಿಗೆ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ನೀರಿನ ಟ್ಯಾಂಕರ್ ಬಂತಾ, ನಮ್ಮ ಪಾರ್ಸಲ್ ಯಾರಿಗೆ ಕೊಟ್ಟೆ, ಅಜ್ಜ ವಾಕಿಂಗಿಗೆ ಯಾವ ಕಡೆ ಹೋದರು, ಹೀಗೆ ಒಬ್ಬೊಬ್ಬರದು ಒಂದೊಂದು. ಅಣವೀರಪ್ಪ ಕಣ್ಣಿನಲ್ಲೇ ಎಲ್ಲರನ್ನೂ ಕಳಿಸುತ್ತಿದ್ದ. ನಾನು ಕಣ್ಣು ಬರೆಯಲು ಹೋದಾಗಲೆಲ್ಲ ಅವು ಬೇರೆ ಕಡೆ ಇರುತ್ತಿದ್ದವು. ಸ್ವಲ್ಪ ಸಹಕರಿಸಿ ಎಂದು ಸಾಲಿನವರಿಗೇ ಗದರಿದೆ!

ಆಗ ಕೆಳಗಿನಿಂದ ಮೆರವಣಿಗೆಯೊಂದು ಮೇಲೆ ಬಂತು. ಮುಂದೆ ಸೆಕ್ರೆಟರಿ ಟಿಪ್ಣೀಸ್, ಮೀಟಿಂಗಿಗೆಂದು ತೊಟ್ಟ ಬೆಳ್ಳಗಿನ ಕುರ್ತಾದಲ್ಲಿ. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಅತ್ತೆ, ಕೆನೆಬಣ್ಣದ ಸೀರೆಯಲ್ಲಿ. ಏಳನೇ ಮಹಡಿಯ ಮಗಳ ಮನೆಗೆಂದು ಮಲಾಡ್‌ನಿಂದ ಬಂದವರು, ಹೋದ ತಿಂಗಳಷ್ಟೇ ಮೊಣಕಾಲಿನ ಆಪರೇಷನ್. ಕುರ್ಚಿಯನ್ನು ನವಾಜ ಒಂದು ಕಡೆ, ಪಕ್ಕದ ಬಿಲ್ಡಿಂಗಿನ ವಾಚ್‌ಮನ್ ಇನ್ನೊಂದು ಕಡೆ ಹೊತ್ತಿದ್ದರು. ಐದು ಮಹಡಿ!

ಟಿಪ್ಣೀಸ್ ಲಿಫ್ಟಿನೊಳಗೆ ನೋಡಿದರು. ಏಳು ಎಂದರು. ಅಣವೀರಪ್ಪನ ಕಣ್ಣು ನನ್ನ ಕಡೆ ತಿರುಗಿದವು. ಎದ್ದೇಳು ಎಂದು ಮತ್ತೆ ಹೇಳಿದರು. ಕಣ್ಣು ಮತ್ತೆ ನನ್ನ ಕಡೆ.

"ಶರಣಬಸಪ್ಪಜೀ, ಸೆಕ್ರೆಟರಿ ಕೌನ್ ಹೈ? ಮೈಂ ಯಾ ಆಪ್?" ಎಂದು ಟಿಪ್ಣೀಸ್ ನನ್ನತ್ತ ತಿರುಗಿದರು. ಸೆಕ್ರೆಟರಿ ತಾವೋ ನಾನೋ ಎಂಬುದು ಅವರ ಪ್ರಶ್ನೆ.

"ಸಾಕು," ಎಂದೆ ನಾನು, ನೆಲಕ್ಕಿಳಿದ ದನಿಯಲ್ಲಿ. ಅಣವೀರಪ್ಪ ತಟ್ಟನೆ ಎದ್ದು, ಸ್ಟೂಲು ಒರೆಸಿ, ಅಜ್ಜಿಯತ್ತ ಕೈ ಚಾಚಿದ. ಪಶ್ಚಾತ್ತಾಪದ ಭರದಲ್ಲಿ ನಾನೂ ಓಡಿ ಅಜ್ಜಿಯ ಬೆನ್ನಿಗೆ ಕೈಯಾನಿಸಿ ಎಬ್ಬಿಸಿದೆ. ಇನ್ನೊಂದು ಕೈಯಿಂದ ಟಿಪ್ಣೀಸರ ಬೆನ್ನು ತಟ್ಟಿ ಸಮಾಧಾನ ಮಾಡಿದೆ. ಕೈ ತೆಗೆದಾಗ ಕಂಡಿತು. ಕೆನೆಬಣ್ಣದ ಸೀರೆಯ ಮೇಲೆ ಐದು ಬೆರಳು, ಬೆಳ್ಳನೆಯ ಕುರ್ತಾದ ಮೇಲೆ ಐದು ಬೆರಳು. ಒಂದೊಂದಕ್ಕೂ ಒಂದೊಂದು ಬಣ್ಣ!

ಹೋಗುತ್ತದೆಯೇ ಎಂದು ಟಿಪ್ಣೀಸ್ ಕೇಳಿದರು. ಕೊಬ್ಬರಿ ಎಣ್ಣೆ ಹಚ್ಚಿದರೆ ಎಂದು ನಾನು ಶುರು ಮಾಡುವಷ್ಟರಲ್ಲಿ ಜಾಳಿಗೆ ಬಾಗಿಲು ಹಾಕಿಕೊಂಡಿತು.

ಆರು ಗಂಟೆಗೆ ಟೆರೇಸ್. ಟಿಪ್ಣೀಸ್ ಕುರ್ತಾ ಬದಲಿಸಿರಲಿಲ್ಲ. ಸಭೆಗೆ ಬೆನ್ನು ತಿರುಗಿಸಿ ಅದನ್ನೇ ಸಾಕ್ಷಿಯಾಗಿ ತೋರಿಸಿದರು. ಒಬ್ಬ ಮನುಷ್ಯ ಎರಡೂವರೆ ತಾಸು ಲಿಫ್ಟ್ ತಡೆದು ಕೂತ, ಯಂತ್ರವಾದರೆ ಹೀಗೆ ಮಾಡುತ್ತದೆಯೇ ಎಂದು ಕೇಳಿದರು. ಮೆಟ್ಟಿಲ ಬಾಗಿಲಲ್ಲಿ ಸೋಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಇವರ ಕೋಣೆ ಉಳಿಸಲು ಹೊರಟು ನಾನೇ ಅದರ ಬಾಗಿಲು ಕಿತ್ತಿದ್ದೆ.

ಎದ್ದು ನಿಂತೆ. ತಪ್ಪು ನನ್ನದು, ಬಾಗಿಲು ತೆರೆದಿಟ್ಟವನು ನಾನು, ಅಲ್ಲಾಡಬೇಡ ಎಂದು ಅಪ್ಪಣೆ ಮಾಡಿದವನೂ ನಾನು, ಶಿಕ್ಷೆ ಕೊಡುವುದಾದರೆ ನನಗೆ ಕೊಡಿ ಎಂದೆ. ಇನ್ನು ಕಲೆಯೇ ಮಾತಾಡಲಿ ಎಂದು ಚಿತ್ರವನ್ನು ಎರಡೂ ಕೈಯಿಂದ ಎತ್ತಿ ಹಿಡಿದೆ.

ಅದೇ ಗಳಿಗೆಗೆ ಜ್ಯೋತ್ಸ್ನಾಬೆನ್ ಎದ್ದು ನಿಂತರು. ಎಲ್ಲರೂ ಅವರ ಕಡೆ ತಿರುಗಿದರು.

"ಸೆಕ್ರೆಟರಿ ಸಾಹೇಬ್, ನಯೀ ಲಿಫ್ಟ್ ಮೇಂ ಮೇರೀ ಚಾವಿ ಕೌನ್ ರಖೇಗಾ?"

ಟಿಪ್ಣೀಸ್ ಗುಂಡಿಗಳ ಬಗ್ಗೆ ವಿವರಿಸಿದರು. ಯಾವ ಗುಂಡಿ ಒತ್ತಿದರೆ ಕೀಲಿ ಬರುತ್ತದೆ ಎಂದು ಜ್ಯೋತ್ಸ್ನಾಬೆನ್ ಮತ್ತೆ ಕೇಳಿದರು. ಅಮ್ಮಿಯ ಗುಳಿಗೆ ಇಸಿದುಕೊಳ್ಳುವವರು ಯಾರು ಎಂದು ನವಾಜ ಕೇಳಿದ. ಮಧ್ಯಾಹ್ನ ಸಾಲಿನಲ್ಲಿ ನಿಂತಿದ್ದ ಪಾರ್ಸಲ್‌ನವರು ಕೇಳಿದರು, ಟ್ಯಾಂಕರ್‌ನವರು ಕೇಳಿದರು, ವಾಕಿಂಗಿಗೆ ಹೋದ ಅಜ್ಜನ ಸೊಸೆಯೂ ಕೇಳಿದಳು. ಕೊನೆಗೆ ಟಿಪ್ಣೀಸರ ಹೆಂಡತಿಯೇ ಎದ್ದು, ಆಯಿ ಇನ್ನೊಮ್ಮೆ ಬಂದಾಗ ಯಾರ ಕೈ ಹಿಡಿದು ಲಿಫ್ಟಿನಿಂದ ಇಳಿಯಬೇಕು ಎಂದರು. ಟಿಪ್ಣೀಸ್ ಕೂತುಬಿಟ್ಟರು.

ಹೊಸ ಲಿಫ್ಟ್ ಬರುತ್ತದೆ, ಅಣವೀರಪ್ಪ ಇರುತ್ತಾನೆ, ಸ್ಟೂಲು ಕೆಳಗೆ ಬಾಗಿಲ ಬಳಿ, ಕೋಣೆ ಇದ್ದಲ್ಲೇ. ಎಲ್ಲರೂ ಕೈ ಎತ್ತಿ ಒಪ್ಪಿಗೆ ಕೊಟ್ಟರು. ಸೋಮವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, ಖಾಲಿಯಾದ ಚಹಾದ ಕಪ್ಪುಗಳನ್ನು ಯಾರೂ ಹೇಳದೆಯೇ ಒಟ್ಟುಮಾಡತೊಡಗಿದಳು.

ಈ ಇಡೀ ಹೊತ್ತು ನಾನು ಚಿತ್ರ ಎತ್ತಿ ಹಿಡಿದೇ ನಿಂತಿದ್ದೆ. ಸೌಮ್ಯಾ ಹತ್ತಿರ ಬಂದು, "ಇನ್ನ ಇಳಸ್ರಿ, ಕೈ ನೋಯ್ತಾವ," ಎಂದಳು. ನೋಡಿದೆಯಾ ಕಲೆಯ ಶಕ್ತಿ ಎಂದೆ. ಒಬ್ಬರಾದರೂ ಈ ಕಡೆ ನೋಡಿದ್ದರೆ ನಾನೂ ಒಪ್ಪುತ್ತಿದ್ದೆ ಎಂದಳು. ಬೈಯಲಿಲ್ಲ, ಬಣ್ಣದ ಕೈಯನ್ನೇ ಹಿಡಿದು ಮೆಟ್ಟಿಲಿನವರೆಗೆ ಬಂದಳು.

ಎಲ್ಲರೂ ಇಳಿದುಹೋದ ಮೇಲೆ ನಾವಿಬ್ಬರೂ ಲಿಫ್ಟ್ ಹತ್ತಿದೆವು. ಐದನೇ ಮಹಡಿ ಬಂತು. ನನಗೆ ಇಳಿಯಲು ಮನಸ್ಸಾಗಲಿಲ್ಲ. ಯಾರೂ ನೋಡದಿದ್ದರೇನು, ಚಿತ್ರದೊಳಗೆ ಕೂತವನು ನೋಡಬೇಡವೇ? ಕಾಗದವನ್ನು ಅಣವೀರಪ್ಪನ ಕೈಗಿಟ್ಟೆ. ಅವನು ಅದನ್ನು ಅಂಚಿನಲ್ಲಿ ಮಾತ್ರ ಹಿಡಿದು, ಬಲ್ಬಿನ ಕೆಳಗೆ ತಂದು, ಬಹಳ ಹೊತ್ತು ನೋಡಿದ. ಒಮ್ಮೆ ತನ್ನ ಹುಬ್ಬು ಮುಟ್ಟಿಕೊಂಡ.

"ಖರೇ ಹೇಳ್ರಿ ಅಣವೀರಪ್ಪಣ್ಣ. ಹೆಂಗ ಬಂದದ?"

ಅವನು ಚಿತ್ರವನ್ನು ಜೋಪಾನವಾಗಿ ನನ್ನ ಕೈಗೆ ವಾಪಸು ಕೊಟ್ಟ.

"ಲಿಫ್ಟ್ ಛಲೋ ಬಂದದ್ರಿ, ಸಾಹೇಬ್ರ."