ಬೇಡದ್ದನ್ನು ಹೊಡೆದುಹಾಕಿ

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಎರಡೇ ಎರಡು ಪದ. ಶಾಲೆಯ ಗುಮಾಸ್ತ ತಾನೇ ಕೂತು ಟೈಪು ಮಾಡಿದ ಒಪ್ಪಿಗೆ ಪತ್ರದಲ್ಲಿ, ಕಂಸದೊಳಗೆ ಸಾಧುವಿನಂತೆ ಕೂತಿದ್ದವು. ಮೇಲಿನ ಸಾಲು ಹೀಗಿತ್ತು: 'ನಮ್ಮ ಮಗುವಿನ ಫೋಟೋವನ್ನು ಶಾಲೆಯ ಅಂತರ್ಜಾಲ ಪುಟದಲ್ಲಿ ಹಾಕಲು ನಮ್ಮ ಒಪ್ಪಿಗೆ ಇದೆ / ಇಲ್ಲ.' ಅದರ ಕೆಳಗೆ: '(ಬೇಡದ್ದನ್ನು ಹೊಡೆದುಹಾಕಿ.)'

ಒಪ್ಪಿಗೆ ಇದ್ದವರು 'ಇಲ್ಲ'ದ ಮೇಲೆ ಗೀಟು ಎಳೆಯಬೇಕು, ಇಲ್ಲದವರು 'ಇದೆ'ಯ ಮೇಲೆ. ಇದಕ್ಕಿಂತ ಸ್ಪಷ್ಟವಾದ ಮಾತು ಇರಲಾರದೆಂದು ಗುಮಾಸ್ತ ನಂಬಿದ್ದ. ಆದರೆ ಜನಕ್ಕೆ ಟಿಕ್ಕು ಹೊಡೆದು ಅಭ್ಯಾಸ. 'ಹೊಡೆ' ಎಂಬುದು ಕಣ್ಣಿಗೆ ಬಿದ್ದದ್ದೇ ತಡ, ಅರ್ಧ ಜನ ಟಿಕ್ಕು ಹೊಡೆದರು, ಇನ್ನರ್ಧ ಜನ ಗೀಟು ಹೊಡೆದರು. ಕೆಲವರ ಟಿಕ್ಕು ಗೀಟಿನಂತಿತ್ತು, ಕೆಲವರ ಗೀಟು ಟಿಕ್ಕಿನಂತಿತ್ತು. ಒಬ್ಬ ಪುಣ್ಯಾತ್ಮ ಎರಡಕ್ಕೂ ಹೊಡೆದು, ಕೆಳಗೆ 'ವಂದನೆಗಳು' ಎಂದು ಬರೆದಿದ್ದ.

ಗುಮಾಸ್ತನಿಗೆ ಶಾಲೆಯಲ್ಲಿ 'ನಮೂನೆ' ಎಂದು ಅಡ್ಡಹೆಸರು. ಯಾವುದಕ್ಕೆ ಹೋದರೂ ಒಂದು ನಮೂನೆ ತುಂಬಿಸುತ್ತಾನೆ ಎಂಬುದು ಒಂದು ಕಾರಣ. ಆಸಾಮಿಯೇ ಒಂದು ನಮೂನೆ ಎಂಬುದು ಇನ್ನೊಂದು. ಸೀಮೆಸುಣ್ಣದ ಡಬ್ಬಿಗೆ ನಮೂನೆ, ಬೀರುವಿನ ಕೀಲಿಕೈಗೆ ನಮೂನೆ, ಕೀಲಿಕೈ ಕಳೆದುಹೋದರೆ ಅದಕ್ಕೆ ಬೇರೆ ಬಣ್ಣದ ನಮೂನೆ. ಒಂಟಿ ಮನುಷ್ಯ. ಮನೆಯಲ್ಲಿ ಅವನನ್ನು ಮಾತಾಡಿಸುವುದು ಕುಕ್ಕರ್ ಒಂದೇ, ಅದೂ ಮೂರು ಸೀಟಿಗೆ ಸುಮ್ಮನಾಗುತ್ತದೆ.

ಈ ಒಪ್ಪಿಗೆ ಪತ್ರದಲ್ಲಿ ಅವನು ಯಾರೂ ಹೇಳದ ಒಂದು ಷರತ್ತನ್ನೂ ಸೇರಿಸಿದ್ದ: ತಾಯಿ, ತಂದೆ ಇಬ್ಬರ ಸಹಿಯೂ ಬೇಕು. ಯಾಕೆಂದು ಯಾರೂ ಕೇಳಲಿಲ್ಲ. ಅವನ ಹೆಂಡತಿ ನಾಲ್ಕು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿದ್ದಳು. ಅವನ ಫೋನನ್ನು ಅವಳು ಎತ್ತುವುದಿಲ್ಲ. ಮಗಳು ದೊಡ್ಡ ರಜೆಯಲ್ಲಿ ಹತ್ತು ದಿನ ಬಂದು ಹೋಗುತ್ತಾಳೆ. ವರ್ಷದ ಉಳಿದ ದಿನವೆಲ್ಲ ಅವಳ ಶಾಲೆಯ ಪುಟದಲ್ಲಿ ಬರುವ ಫೋಟೋಗಳೇ ಅವನ ಪಾಲಿನ ಮಗಳು. ಎಷ್ಟು ಮಕ್ಕಳ ನಡುವೆ ಇದ್ದರೂ ಅವಳನ್ನು ಅವನು ತಟ್ಟನೆ ಹುಡುಕುತ್ತಿದ್ದ: ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ನಿಲ್ಲುವುದು ಅವಳ ರೂಢಿ. ಅವನದೂ ಅದೇ.

ಈ ಸಲ ಹೊರಡುವಾಗ ಅವಳ ಮುಂದಿನ ಹಲ್ಲೆರಡು ಬಿದ್ದಿದ್ದವು. "ಹೊಸ ಹಲ್ಲು ಬಂದ ಮೇಲೆ ತೋರಿಸ್ತೀನಪ್ಪಾ" ಎಂದು ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದ್ದಳು. ಅದಾಗಿ ಐದು ತಿಂಗಳು. ಇವತ್ತು ಅವಳ ತರಗತಿಯ ನಾಟಕ. ಸಂಜೆ ನಾಲ್ಕಕ್ಕೆ ಫೋಟೋ ಹಾಕುತ್ತೇವೆಂದು ಆ ಶಾಲೆಯ ಪುಟದಲ್ಲಿ ಪ್ರಕಟಣೆ ಇತ್ತು. ಗುಮಾಸ್ತ ಬೆಳಗ್ಗೆಯಿಂದ ಗಡಿಯಾರ ನೋಡುತ್ತಿದ್ದ.

ಆದರೆ ನಾಲ್ಕು ಗಂಟೆಗೆ ಮೊದಲು ಒಂಬತ್ತೂವರೆ ಬರಬೇಕಲ್ಲ. ಒಂಬತ್ತೂವರೆಗೆ ಬಂದವರು ಹಲ್ಲಿನ ಡಾಕ್ಟರು, ಮೂರನೇ ತರಗತಿಯ ಒಬ್ಬ ಹುಡುಗಿಯ ತಾಯಿ. ಹಿಂದಿನ ದಿನ ಕ್ರೀಡಾದಿನದ ಫೋಟೋಗಳನ್ನು ಗುಮಾಸ್ತ ಪುಟಕ್ಕೆ ಏರಿಸಿದ್ದ. ಒಪ್ಪಿಗೆ ಸಿಗದ ಮಕ್ಕಳ ಮುಖದ ಮೇಲೆ ಒಂದೊಂದು ಹಳದಿ ನಗುಮುಖ ಅಂಟಿಸಿದ್ದ.

"ನನ್ನ ಮಗಳ ಫೋಟೋ ಯಾರನ್ನ ಕೇಳಿ ಹಾಕಿದ್ರಿ?"

"ನಿಮ್ಮನ್ನೇ ಮೇಡಂ. ನೋಡಿ, 'ಇಲ್ಲ' ಅನ್ನೋದನ್ನ ಹೊಡೆದುಹಾಕಿದ್ದೀರಿ."

"ಹೊಡೆದುಹಾಕಿಲ್ಲ ಕಣ್ರೀ, ಟಿಕ್ ಹೊಡೆದಿದ್ದೀನಿ! ನಾನು ಉಳಿಸಬೇಕಾದ ಹಲ್ಲಿಗೆ ಗುರುತು ಹಾಕ್ತೀನಿ, ಕೀಳೋ ಹಲ್ಲಿಗಲ್ಲ. ನೀವು ನನ್ನ ಹತ್ತಿರ ಕೆಲಸಕ್ಕಿದ್ದಿದ್ರೆ ಜನಕ್ಕೆ ಹುಳುಕು ಹಲ್ಲು ಮಾತ್ರ ಉಳೀತಿತ್ತು." ಆಮೇಲೆ ಅವರ ದನಿ ತಗ್ಗಿತು. "ನೋಡಿ, ಅವಳ ಮುಖ ಗುರುತು ಪರಿಚಯ ಇಲ್ಲದವರ ಫೋನಿನಲ್ಲಿ ಓಡಾಡೋದು ನನಗೆ ಇಷ್ಟ ಇಲ್ಲ. ದೊಡ್ಡವಳಾದ ಮೇಲೆ ಅವಳ ಮುಖ ಎಲ್ಲಿರಬೇಕು ಅಂತ ಅವಳೇ ಹೇಳಲಿ."

ಮಾತು ನ್ಯಾಯವಾಗಿತ್ತು. ಗುಮಾಸ್ತ ಆ ಕೂಡಲೇ ಫೋಟೋ ತೆಗೆದ. ತೆಗೆಯುತ್ತ, ತಡೆಯಲಾರದೆ ಕೇಳಿಬಿಟ್ಟ: "ಮೇಡಂ, ಏಳು ವರ್ಷದ ಮಗೂಗೆ ಮುಂದಿನ ಹಲ್ಲು ಬಿದ್ದರೆ ಹೊಸದು ಬರೋಕೆ ಎಷ್ಟು ದಿನ ಬೇಕು?"

"ನಾಲ್ಕೈದು ತಿಂಗಳೊಳಗೆ ಬಂದುಬಿಡುತ್ತೆ," ಎಂದವರು ಎಚ್ಚೆತ್ತುಕೊಂಡು, "ಮಾತು ಮರೆಸಬೇಡಿ!" ಎಂದು ಗದರಿದರು.

ಹಾಗಾದರೆ ಬಂದಿರುತ್ತದೆ, ಎಂದುಕೊಂಡ ಗುಮಾಸ್ತ. ಬೈಸಿಕೊಳ್ಳುತ್ತಲೇ ಅವನ ಮುಖ ಅರಳಿದ್ದು ಡಾಕ್ಟರಿಗೆ ಅರ್ಥವಾಗಲಿಲ್ಲ.

ಅವರು ಹೊರಗೆ ಹೋಗುವಷ್ಟರಲ್ಲಿ ಒಬ್ಬ ಅಜ್ಜಿ ಒಳಗೆ ಬಂದರು. ಕೈಯಲ್ಲಿ ಫೋನು, ಕಣ್ಣಲ್ಲಿ ಕೆಂಡ. "ನನ್ನ ಮೊಮ್ಮಗ ಓಟದಲ್ಲಿ ಮೊದಲು ಬಂದ. ಕೊರಳಲ್ಲಿ ಪದಕ ಇದೆ, ಕೊರಳ ಮೇಲೆ ನಿಂಬೆಹಣ್ಣು! ಏನಪ್ಪಾ ಇದು?"

"ಅದು ನಿಂಬೆಹಣ್ಣಲ್ಲ ಅಜ್ಜಿ, ನಗುಮುಖ. ನಿಮ್ಮ ಮನೆಯವರು 'ಇದೆ' ಅನ್ನೋದನ್ನ ಹೊಡೆದಿದ್ರು..."

"ಇದೆ ಅಂತ ತಾನೆ ಹೊಡೆದಿದ್ದು? ಇದ್ದಿದ್ದಕ್ಕೆ ಇದೆ ಅಂತ ಹೊಡೀದೆ ಇನ್ನೇನು ಹೊಡೀಬೇಕಿತ್ತು? ನೋಡದೆ ನೆಂಟರಿಗೆಲ್ಲ ಕಳಿಸಿಬಿಟ್ಟಿದ್ದೀನಿ. ನನ್ನ ತಂಗಿ ಫೋನ್ ಮಾಡಿ, 'ಅಕ್ಕಾ, ಮಗೂಗೆ ಕಾಮಾಲೆನಾ' ಅಂತ ಕೇಳ್ತಾಳೆ!"

ನಗುಮುಖ ತೆಗೆದು, ಮೊಮ್ಮಗನಿಗೆ ಅವನ ಮುಖ ವಾಪಸು ಕೊಟ್ಟು, ಅಜ್ಜಿಗೆ ನೀರು ಕೊಟ್ಟು ಕಳಿಸುವ ಹೊತ್ತಿಗೆ ಹನ್ನೊಂದೂವರೆ. ಅಷ್ಟರಲ್ಲಿ ಒಬ್ಬ ತಂದೆಯಿಂದ ಮೂರು ಸಲ ಫೋನ್ ಬಂದಿತ್ತು. ಮೊದಲ ಸಲ 'ಫೋಟೋ ಹಾಕಿ ಸಾರ್', ಎರಡನೆಯ ಸಲ 'ಬೇಡ ಸಾರ್, ತೆಗೆಯಿರಿ', ಮೂರನೆಯ ಸಲ 'ಮನೆಯವಳನ್ನ ಕೇಳಿದೆ, ಹಾಕಿ ಸಾರ್'. ನಾಲ್ಕನೆಯ ಸಲ ಬಂದಾಗ ಅಟೆಂಡರಮ್ಮ ಎತ್ತಿ, "ಅವರು ತೀರಿಕೊಂಡರು" ಎಂದು ಹೇಳಿ ಇಟ್ಟುಬಿಟ್ಟಳು.

ಕಡೆಯದಾಗಿ ಬಂದವಳು ಬಟ್ಟೆ ಹೊಲಿಯುವ ಹೆಂಗಸು. ಜಗಳ ಮಾಡಲಿಲ್ಲ. ಕೊರಳಲ್ಲಿ ಇನ್ನೂ ಅಳತೆ ಟೇಪು ಇತ್ತು. "ಸಾರ್, ನನ್ನ ಮಗಳ ಮುಖ ಮುಚ್ಚಿದ್ದೀರಿ. ನಾನು ಒಪ್ಪಿದ್ದೆನಲ್ಲ."

"ತಂದೆಯ ಸಹಿ ಇಲ್ಲ ತಾಯಿ."

"ಆ ಮನುಷ್ಯ ಎಲ್ಲಿದ್ದಾನೆ ಅಂತ ನನಗೇ ಗೊತ್ತಿಲ್ಲ. ಮಗು ನನ್ನ ಜೊತೆ ಇರೋದು. ಜ್ವರ ಬಂದ್ರೆ ನಾನು ಕೂತಿರ್ತೀನಿ. ಫೋಟೋಗೆ ಮಾತ್ರ ಅವನು ಬೇಕಾ?"

ಗುಮಾಸ್ತ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನೆಲ ನೋಡಿದ.

ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಇದನ್ನೆಲ್ಲ ತಮ್ಮ ಕೋಣೆಯ ಬಾಗಿಲಿನಿಂದ ನೋಡುತ್ತಿದ್ದರು. "ರೀ, ಈ ನಿಮ್ಮ ನಮೂನೆಯನ್ನ ಒಳ್ಳೇದು ಅಂತ ನಾನು ಎಲ್ಲ ಶಾಲೆಯ ಮುಖ್ಯಸ್ಥರ ಗುಂಪಿಗೂ ಕಳಿಸಿದ್ದೆ. ಈಗ ಅವರೆಲ್ಲ ನನ್ನನ್ನ ಬೈತಾ ಇದ್ದಾರೆ. ಒಂದು ಗಂಟೆ ಒಳಗೆ ಹೊಸದು ಬೇಕು. ಒಂದು: ಟಿಕ್ಕು, ಗೀಟು ಯಾವುದೂ ಬೇಡ, ಅವರವರ ಕೈಯಲ್ಲೇ ಒಂದು ವಾಕ್ಯ ಬರೀಲಿ. ಎರಡು: ಬರೆದ ಮೇಲೆ ವರ್ಷ ಮುಗಿಯೋ ತನಕ ಬದಲಾಯಿಸೋ ಹಾಗಿಲ್ಲ. ಮೂರು: ಮಗು ಯಾರ ಜೊತೆ ಇರುತ್ತೋ ಅವರ ಸಹಿ ಒಂದೇ ಸಾಕು."

"ಮೂರನೆಯದು... ಮೇಡಂ, ತಂದೆಯಂದಿರು ಬೇಜಾರು ಮಾಡ್ಕೊಬಹುದು."

"ಯಾವ ತಂದೆ ಬಂದಿದ್ದಾನ್ರೀ ಬೆಳಗ್ಗೆಯಿಂದ?"

ಗುಮಾಸ್ತ ಟೈಪು ಮಾಡಲು ಕೂತ. ಮೊದಲೆರಡು ಸಾಲು ಸರಾಗವಾಗಿ ಬಂದವು. ಮೂರನೆಯದಕ್ಕೆ ಬೆರಳು ಏಳಲಿಲ್ಲ. ಹದಿನೈದು ದಿನದ ಹಿಂದೆ ಅವನಿಗೆ ಅಂಚೆಯಲ್ಲಿ ಒಂದು ಲಕೋಟೆ ಬಂದಿತ್ತು. ಮಗಳ ಶಾಲೆಯವರು ಅವನದೇ ನಮೂನೆಯನ್ನು ಅಚ್ಚು ಹಾಕಿಸಿ, ತಂದೆಯ ಸಹಿ ಬೇಕೆಂದು ಅವನಿಗೇ ಕಳಿಸಿದ್ದರು. ತಾಯಿಯ ಜಾಗದಲ್ಲಿ ಹೆಂಡತಿ, 'ಅವಳಪ್ಪ ಹೇಳಿದಂತೆ' ಎಂದಷ್ಟೇ ಬರೆದು ಸಹಿ ಹಾಕಿದ್ದಳು. ಆ ಎರಡು ಪದವನ್ನು ಅವನು ಎಷ್ಟು ಸಲ ಓದಿದನೋ. ಪಕ್ಕದಲ್ಲಿ 'ತಂದೆ' ಎಂಬ ಪದದ ಮುಂದೆ ಒಂದು ಖಾಲಿ ಗೆರೆ ಅವನಿಗಾಗಿ ಕಾಯುತ್ತಿತ್ತು. ಅವನು ಕೈ ತೊಳೆದುಕೊಂಡು ಬಂದು, 'ಇಲ್ಲ'ದ ಮೇಲೆ ಸ್ಕೇಲು ಇಟ್ಟು ನೇರವಾಗಿ ಗೀಟು ಹೊಡೆದು, ಸಹಿ ಹಾಕಿ ಕಳಿಸಿದ್ದ. ನಮೂನೆ ಬರೆದವನೇ ತುಂಬಿದ ಮೇಲೆ ತಪ್ಪೆಲ್ಲಿಂದ ಬರಬೇಕು?

ತನ್ನ ಕೆಲಸ ಹೇಗೂ ಆಗಿದೆ, ಎಂದು ಸಮಾಧಾನ ಮಾಡಿಕೊಂಡು ಮೂರನೆಯ ಸಾಲನ್ನೂ ಟೈಪು ಮಾಡಿದ. ಒಂದು ಗಂಟೆಗೆ ಹೊಸ ನಮೂನೆ ಎಲ್ಲ ಶಾಲೆಗಳಿಗೂ ಹೋಯಿತು.

ಊಟದ ಹೊತ್ತಿಗೆ ಅವನು ಎಂದಿನಂತೆ ಫೋನು ಹಿಡಿದು ಮೂಲೆಗೆ ಹೋದ. ಅವನು ಅದನ್ನು ನೋಡಿ ನಗುವುದನ್ನು ಸ್ಟಾಫ್ ರೂಮು ಬಹಳ ದಿನದಿಂದ ಗಮನಿಸಿತ್ತು. "ಯಾರೋ ಇದ್ದಾರೆ" ಎಂಬುದು ಅಟೆಂಡರಮ್ಮನ ತೀರ್ಪು.

"ಯಾರ್ರೀ ಅವರು? ನಮಗೂ ತೋರಿಸಿ," ಎಂದರು ಡ್ರಾಯಿಂಗ್ ಮೇಷ್ಟ್ರು. "ಹುಡುಗಿ ಕಡೆಯವರ ಹತ್ತಿರ ನಾನು ಬೇಕಾದ್ರೆ ಮಾತಾಡ್ತೀನಿ."

"ಸಂಜೆ ನಾಲ್ಕಕ್ಕೆ ತೋರಿಸ್ತೀನಿ," ಎಂದುಬಿಟ್ಟ ಗುಮಾಸ್ತ. ಅದುವರೆಗೆ ಯಾರಿಗೂ ಮಗಳ ವಿಷಯ ಹೇಳದವನು ಅವತ್ತು ಹೇಳಬೇಕೆಂದು ನಿಶ್ಚಯಿಸಿದ್ದ. ಹೊಸ ಹಲ್ಲಿನ ಸಮೇತ ತೋರಿಸಿದರೆ ಹೇಳುವುದು ಸುಲಭ ಎಂದು ಅವನ ಎಣಿಕೆ.

ನಾಲ್ಕು ಗಂಟೆಗೆ ಇಡೀ ಸ್ಟಾಫ್ ರೂಮು ಅವನ ಕುರ್ಚಿಯ ಹಿಂದೆ ನಿಂತಿತ್ತು. ನಾಲ್ಕು ಗಂಟೆ ಎರಡು ನಿಮಿಷಕ್ಕೆ ಫೋಟೋ ಬಂತು. ರಟ್ಟಿನ ಮರದ ಕೆಳಗೆ ಏಳು ಮಕ್ಕಳು. ಮೊಲ, ನರಿ, ಜಿಂಕೆ, ಎಲ್ಲರೂ ಮುಖ ತುಂಬ ನಗುತ್ತಿದ್ದರು. ತುದಿಯಲ್ಲಿ, ಟೀಚರ್ ಪಕ್ಕ, ಒಂದು ಆಮೆ. ಬೆನ್ನಿಗೆ ಹಸಿರು ಚಿಪ್ಪು ಕಟ್ಟಿಕೊಂಡು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನಿಂತಿತ್ತು. ಮುಖ ಇರಬೇಕಾದ ಜಾಗದಲ್ಲಿ ದುಂಡಗೆ, ಹಳದಿಯಾಗಿ, ಒಂದು ನಗುಮುಖ.

"ಎಲ್ರೀ ನಿಮ್ಮ ಹುಡುಗಿ?" ಎಂದರು ಡ್ರಾಯಿಂಗ್ ಮೇಷ್ಟ್ರು. "ನಿಂಬೆಹಣ್ಣಿನ ಪಕ್ಕ ನಿಂತಿರೋ ಟೀಚರಾ?"

ಗುಮಾಸ್ತ ಎದ್ದು ಹೊರಗೆ ಹೋಗಿ, ಆ ಶಾಲೆಗೆ ಫೋನ್ ಮಾಡಿದ. ಎತ್ತಿದವನು ಅಲ್ಲಿಯ ಗುಮಾಸ್ತ.

"ನಾನು ಆಮೆ ಹುಡುಗಿಯ ಅಪ್ಪ. ಒಪ್ಪಿಗೆ ಕೊಟ್ಟಿದ್ದೆನಲ್ಲ ಸ್ವಾಮಿ. 'ಇಲ್ಲ'ದ ಮೇಲೆ ಸ್ಕೇಲಿಟ್ಟು ಗೀಟು ಹೊಡೆದಿದ್ದೆ."

"ಅದಕ್ಕೇ ಸಾರ್, ಇಷ್ಟು ಖಂಡಿತವಾಗಿ 'ಇಲ್ಲ' ಅಂದವರು ನೀವೊಬ್ಬರೇ ಅಂದುಕೊಂಡ್ವಿ. ಉಳಿದವರೆಲ್ಲ ಬೇಕಾದ್ದಕ್ಕೆ ಸುಮ್ಮನೆ ಟಿಕ್ ಹೊಡೆದಿದ್ರು."

"ತಪ್ಪಾಗಿದೆ. ಈಗ ಹೇಳ್ತಾ ಇದ್ದೀನಲ್ಲ, ನನ್ನ ಒಪ್ಪಿಗೆ ಇದೆ."

"ನಿಮ್ಮ ಸಹಿ ಈಗ ಬೇಕಾಗಿಲ್ಲ ಸಾರ್. ಮಧ್ಯಾಹ್ನ ಹೊಸ ನಮೂನೆ ಬಂತು. ಮಗು ಯಾರ ಜೊತೆ ಇದೆಯೋ ಅವರದು ಸಾಕು. ಯಾವ ಶಾಲೆಯ ಗುಮಾಸ್ತನೋ ಏನೋ, ಭಲೇ ಬುದ್ಧಿವಂತ ಸಾರ್. ನಾಟಕಕ್ಕೆ ಬಂದಿದ್ದ ತಾಯಂದಿರ ಹತ್ತಿರ ಆಗಲೇ ಬರೆಸಿಕೊಂಡ್ವಿ."

ಗುಮಾಸ್ತನ ಎದೆಯಲ್ಲಿ ಸಣ್ಣದೊಂದು ಆಸೆ ಚಿಗುರಿತು. "ಅವಳ ತಾಯಿ ಏನಂತ ಬರೆದರು?"

"ಮೊದಲು ಪೆನ್ನು ತಗೊಂಡು 'ಒಪ್ಪಿಗೆ ಇದೆ' ಅಂತ ಬರೆಯೋಕೆ ಹೊರಟಿದ್ರು. ಆಮೇಲೆ ನಿಮ್ಮ ಹಳೇ ಪತ್ರ ನೋಡಬೇಕು ಅಂದ್ರು. ತೋರಿಸಿದೆ. ಸ್ವಲ್ಪ ಹೊತ್ತು ನೋಡ್ತಾ ನಿಂತಿದ್ರು. ಆಮೇಲೆ ಬರೆದ್ರು. ಓದ್ತೀನಿ, ಕೇಳಿ: 'ಅವಳಪ್ಪನಿಗೆ ಇಷ್ಟವಿಲ್ಲ. ಆದ್ದರಿಂದ ಬೇಡ.' ಸ್ವಂತ ಕೈಬರಹ ಸಾರ್, ತಪ್ಪು ತಿಳಿಯೋ ಮಾತೇ ಇಲ್ಲ. ಇನ್ನು ವರ್ಷ ಮುಗಿಯೋ ತನಕ ಬದಲಾಯಿಸೋ ಹಾಗೂ ಇಲ್ಲ."

ಮದುವೆಯಾದ ಒಂಬತ್ತು ವರ್ಷದಲ್ಲಿ ಹೆಂಡತಿ ಅವನ ಮಾತಿಗೆ ಬೆಲೆ ಕೊಟ್ಟದ್ದು ಅದೇ ಮೊದಲು.

ಗುಮಾಸ್ತ ಫೋನಿಟ್ಟು, ಕಾರಿಡಾರಿನ ಬೆಂಚಿನ ಮೇಲೆ ಕೂತು, ಮತ್ತೆ ಆ ಫೋಟೋ ತೆರೆದ. ಮಕ್ಕಳೆಲ್ಲ ಹೋದ ಮೇಲೆ ಶಾಲೆ ಬಾವಿಯಂತೆ ಸದ್ದಿಲ್ಲದೆ ಇತ್ತು. ಅಟೆಂಡರಮ್ಮ ಕೋಣೆಗಳಿಗೆ ಬೀಗ ಹಾಕುತ್ತ ಬಂದವಳು ಅವನ ಹಿಂದೆ ನಿಂತು ಬಗ್ಗಿ ನೋಡಿದಳು. ಪಾಪ, ಅವಳಿಗೆ ಏನು ಗೊತ್ತಾಗಬೇಕು? ನಿಂಬೆಹಣ್ಣು ನೋಡಿ ಕಣ್ಣೊರೆಸಿಕೊಳ್ಳುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ಏನ್ ಸಾರ್ ಹಾಗೆ ನೋಡ್ತಾ ಇದ್ದೀರಾ?"

"ಹಲ್ಲು ಬಂದಿದೆಯಾ ಅಂತ," ಎಂದ ಗುಮಾಸ್ತ, ಆಮೆಯ ಪಾದಗಳಿಂದ ಕಣ್ಣು ಮೇಲೆತ್ತುತ್ತ.

ಅವಳೂ ಕಣ್ಣು ಕಿರಿದು ಮಾಡಿ ನೋಡಿದಳು. ಹಳದಿ ಮುಖ ಬಾಯಿ ಅಗಲಿಸಿ ನಗುತ್ತಿತ್ತು. "ಬಂದಿದೆಯಲ್ಲ ಸಾರ್," ಎಂದಳು. "ಸಾಲಾಗಿ ಎಲ್ಲಾನೂ ಬಂದಿದೆ."