ಮಾವನ ಮುಖಕ್ಕೆ ಬಿದ್ದ ತೂತು

ಮನೆಗೆ ಪ್ರಿಂಟರ್ ತಂದವರಿಗೆಲ್ಲ ಹೀಗೇ ಆಗುತ್ತದೋ, ನನಗೊಬ್ಬನಿಗೇ ಆಯಿತೋ ಗೊತ್ತಿಲ್ಲ. ಆ ಯಂತ್ರ ನಮ್ಮ ಮನೆಯಲ್ಲಿದ್ದಷ್ಟು ದಿನ ಏನಾದರೊಂದು ಆಗುತ್ತಲೇ ಇತ್ತು. ಮೊದಲೇ ವಿವರಿಸಿಬಿಡುತ್ತೇನೆ. ಇದು ಬಣ್ಣದ ಶಾಯಿಯನ್ನು ಸಣ್ಣ ಹನಿಗಳಾಗಿ ಚಿಮುಕಿಸಿ ಫೋಟೋ ಮೂಡಿಸುವ ಪ್ರಿಂಟರ್. ಸಿ.ಡಿ.ಯ ಬೆನ್ನಿನ ಮೇಲೂ ಚಿತ್ರ ಮೂಡಿಸುತ್ತಿತ್ತು, ಆದರೆ ಅದಕ್ಕೆ ಬೆನ್ನು ಬೆಳ್ಳಗಿರುವ ಡಿಸ್ಕೇ ಆಗಬೇಕು. ವಿ.ಸಿ.ಡಿ. ಪ್ಲೇಯರ್ ಮನೆಮನೆಗೂ ಬಂದಿದ್ದ ಕಾಲ.

ನಾನು ಜಂಗಮಕೋಟೆಯಲ್ಲಿ ಹೈಸ್ಕೂಲ್ ಮೇಷ್ಟ್ರು, ಮನೆ ಶಿಡ್ಲಘಟ್ಟದಲ್ಲಿ. ಮನೆಯಲ್ಲಿ ಅಮ್ಮ, ತಂಗಿ, ನಾನು. ಅಪ್ಪ ಇಲ್ಲ. ಹಾಗಾಗಿ ತಂಗಿಯ ಮದುವೆಗೆ ಹಿರಿಯರೆಂದರೆ ಅಮ್ಮನ ಅಣ್ಣ, ಗೌರಿಬಿದನೂರಿನ ಸೋದರಮಾವ. ಮದುಮಗಳನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ. ಅವರಿಲ್ಲದೆ ಆದ ಮದುವೆಯನ್ನು ಅಮ್ಮ ಮದುವೆ ಅಂತಲೇ ಒಪ್ಪುವವರಲ್ಲ. ಅಂಥ ಮಾವ ಬರುತ್ತಾರೋ ಇಲ್ಲವೋ ಎಂಬುದು ಕೊನೆಗೆ ಈ ಪ್ರಿಂಟರಿನ ಕೈಗೆ ಹೋಯಿತು. ಹೇಗೆ ಹೋಯಿತು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

೧. ತಿನ್ನುವ ಯಂತ್ರ

ಈ ಜಾತಿಯ ಪ್ರಿಂಟರುಗಳು ಸ್ವಿಚ್ ಹಾಕಿದ ಕೂಡಲೇ ಗರ್ ಗರ್ ಎನ್ನುತ್ತ ತಮ್ಮ ಬಾಯಿಯನ್ನು ತಾವೇ ಶಾಯಿಯಿಂದ ತೊಳೆದುಕೊಳ್ಳುತ್ತವೆ. ಉಪಯೋಗಿಸದೆ ಬಿಟ್ಟರೆ ಶಾಯಿ ಒಣಗುತ್ತದೆ, ಒಣಗದಿರಲಿ ಎಂದು ಸ್ವಿಚ್ ಹಾಕಿದರೆ ತೊಳೆಯುವುದರಲ್ಲೇ ಮುಗಿಯುತ್ತದೆ. ಇದನ್ನು ಅಮ್ಮನಿಗೆ ಮೂರು ಸಲ ಬಿಡಿಸಿ ಹೇಳಿದೆ. ಅಮ್ಮ ಹಿತ್ತಲಲ್ಲಿ ಒಂದು ಸೀಮೆಹಸು ಸಾಕಿದ್ದರು. ಹಸುವಿಗೆ ಬೂಸಾ ಕಲಸುತ್ತಲೇ ಎಲ್ಲ ಕೇಳಿಸಿಕೊಂಡು, "ಈ ಹಸುನೂ ಮೂರು ಹೊತ್ತು ತಿನ್ತದೆ ಕಣಪ್ಪ, ಆದ್ರೆ ಇದು ಸಗಣಿನಾದ್ರೂ ಹಾಕ್ತದೆ" ಅಂದರು.

೨. ಕಾಮಾಲೆ

ತಂಗಿಗೆ ಚಿಂತಾಮಣಿಯ ಒಂದು ಸಂಬಂಧ ಬಂತು. ಫೋಟೋ ಕಳಿಸಿ ಎಂದರು. ಸ್ಟುಡಿಯೋಗೆ ಯಾಕೆ ಹೋಗಬೇಕು, ಮನೆಯಲ್ಲೇ ಪ್ರಿಂಟರ್ ಇದೆಯಲ್ಲ ಎಂದು ನಾನೇ ಅಚ್ಚು ಹಾಕಿದೆ. ಅಂದು ಕೆಂಪು ಶಾಯಿಯ ಬಾಯಿ ಒಣಗಿ ಕಟ್ಟಿಕೊಂಡಿತ್ತು. ಕೆಂಪು ಬರದಿದ್ದರೆ ಉಳಿಯುವುದು ಹಳದಿ ಮತ್ತು ನೀಲಿ, ಅವೆರಡೂ ಸೇರಿದರೆ ಹಸಿರು. ತಂಗಿ ಒಂಥರಾ ಹಳದಿಗೂ ಹಸಿರಿಗೂ ನಡುವೆ ನಿಂತಿದ್ದಳು. ಒಣಗಿದ ಮೇಲೆ ಸರಿಹೋಗಬಹುದು ಅಂದುಕೊಂಡು ಕಳಿಸಿಬಿಟ್ಟೆ. ಸರಿಹೋಗಲಿಲ್ಲ.

ಹೆಣ್ಣು ನೋಡಲು ಬಂದ ದಿನ ಗಂಡಿನ ತಾಯಿ ಹಣ್ಣು, ಹೂವಿನ ಜೊತೆ ಒಂದು ಬಾಟಲಿಯನ್ನೂ ತಂದಿದ್ದರು. ಮಂಡಿಕಲ್ ಕಡೆಯ ನಾಟಿ ವೈದ್ಯರೊಬ್ಬರು ಕೊಟ್ಟ ಕಾಮಾಲೆ ಕಷಾಯ. ಹುಡುಗಿ ಲಕ್ಷಣವಾಗಿದ್ದಾಳೆ, ಕಾಯಿಲೆ ವಾಸಿಯಾಗುವಂಥದ್ದೇ ಎಂದು ಅವರು ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದರು. ನಾನು ಮೂರು ಶಾಯಿಗಳ ವಿಷಯವನ್ನು ಪೂರ್ತಿ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, "ಇರ್ಲಿ ಬಿಡಿ ಮೇಷ್ಟ್ರೇ, ತಂದಿದ್ದೀನಿ, ಕುಡಿದುಬಿಡ್ಲಿ" ಅಂದರು. ತಂಗಿ ಎಲ್ಲರೆದುರಿಗೆ ಒಂದು ಲೋಟ ಕುಡಿದಳು. ಗಂಡು ಅಲ್ಲೇ ಒಪ್ಪಿದ. ಯಾಕೆ ಅಂತ ಆಮೇಲೆ ನನ್ನ ಕಿವಿಯಲ್ಲಿ ಹೇಳಿದ: "ಅದನ್ನ ಕುಡಿದು ಮುಖ ಕಿವುಚದೋಳು ನಮ್ಮಮ್ಮನ ಅಡುಗೆಗೂ ಹೆದರಲ್ಲ."

೩. ಪಂಚೆ ಮತ್ತು ಶಲ್ಯ

ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಅದರ ಸಿ.ಡಿ. ಮಾಡಿ, ಬೆನ್ನಿನ ಮೇಲೆ ಎಲ್ಲರೂ ಒಟ್ಟಿಗೆ ನಿಂತಿದ್ದ ಫೋಟೋ ಮೂಡಿಸಿ ನೆಂಟರಿಗೆಲ್ಲ ಹಂಚಿದೆ. ಸಿ.ಡಿ.ಗೆ ನಡುವೆ ತೂತು ಇರುತ್ತದೆ, ಇದು ಎಲ್ಲರಿಗೂ ಗೊತ್ತು. ಹಿರಿಯರನ್ನು ಫೋಟೋದಲ್ಲಿ ನಡುವೆ ನಿಲ್ಲಿಸುತ್ತಾರೆ, ಇದೂ ಗೊತ್ತು. ಈ ಎರಡನ್ನೂ ಒಟ್ಟಿಗೆ ಯೋಚಿಸಬೇಕೆಂದು ನನಗೆ ಹೊಳೆಯಲಿಲ್ಲ.

ಗೌರಿಬಿದನೂರಿನಿಂದ ಫೋನ್ ಬಂತು. ಮಾವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಏಮಯ್ಯಾ ಮೇಷ್ಟ್ರು, ನನ್ನ ತಲೆ ಎಲ್ಲಿ?"

ನಾನು ಹೆದರಿ, ತೂತಿಲ್ಲದಿದ್ದರೆ ಡಿಸ್ಕ್ ತಿರುಗುವುದೇ ಇಲ್ಲ, ಪ್ಲೇಯರಿನ ಒಳಗಿನ ಗೂಟ ಅಲ್ಲೇ ಕೂರಬೇಕು ಎಂದು ವಿವರಿಸಿದೆ. ವಿವರಿಸಬಾರದಿತ್ತು. ಹಾಗಾದರೆ ನೆಂಟರೆಲ್ಲ ತನ್ನ ಮುಖಕ್ಕೆ ಗೂಟ ಹೊಡೆದು ಗಿರಗಿರ ತಿರುಗಿಸುತ್ತಿದ್ದಾರಾ ಎಂದು ಕೇಳಿದರು. ಸಮಾಧಾನ ಮಾಡೋಣ ಎಂದು, "ಮಾವ, ನಿಮ್ಮ ಪಂಚೆ, ಶಲ್ಯ ತುಂಬಾ ಚೆನ್ನಾಗಿ ಬಂದಿದೆ" ಅಂದೆ.

"ಹಂಗಾದ್ರೆ ಮದುವೆಗೂ ಪಂಚೆ ಶಲ್ಯನೇ ಕಳಿಸ್ತೀನಿ. ಮಂಟಪಕ್ಕೆ ಅದೇ ಕರ್ಕೊಂಡು ಬರ್ಲಿ" ಎಂದು ಫೋನ್ ಇಟ್ಟರು.

೪. ನಾಲ್ಕು ಮಾವಂದಿರು

ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಣ್ಣ ಬರದಿದ್ದರೆ ಮದುವೆ ಮುಂದಕ್ಕೆ ಹಾಕು ಎಂದರು. ಕೆಡಿಸಿದ ಯಂತ್ರದಿಂದಲೇ ಸರಿಮಾಡಬೇಕೆಂದು ನಾನು ಹೊಸ ಡಿಸ್ಕಿನ ಮೇಲೆ ಮಾವನ ಮುಖವನ್ನು ತೂತಿನ ಸುತ್ತ ನಾಲ್ಕು ಸಲ ಮೂಡಿಸಿದೆ. ಒಂದು ಮುಖ ಹಾಕಿದರೆ ಮೂಗಿಗೇ ತೂತು ಬೀಳುತ್ತದೆ, ಅದಕ್ಕೆ ನಾಲ್ಕು.

ಲಗ್ನಪತ್ರಿಕೆಯ ಜೊತೆ ಇದನ್ನೂ ಕೊಟ್ಟು ಕರೆಯೋಣ ಎಂದು ಅಮ್ಮನ ಮುಂದಿಟ್ಟು ಸ್ನಾನಕ್ಕೆ ಹೋದೆ. ಮದುವೆಗೆ ಕರೆಯಲು ಒಯ್ಯುವ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುವುದು ನಮ್ಮಲ್ಲಿ ಪದ್ಧತಿ. ಅಮ್ಮ ಡಿಸ್ಕನ್ನು ಸುತ್ತ ತಿರುಗಿಸಿ ಮೂಲೆ ಹುಡುಕಿದ್ದಾರೆ. ಸಿಗಲಿಲ್ಲ. ಲೆಕ್ಕಕ್ಕೆ ನಾಲ್ಕು ಇದ್ದದ್ದು ಮಾವನ ಮುಖಗಳೇ. ಒದ್ದೆ ಅರಿಶಿನವನ್ನು ಅವಕ್ಕೇ ಹಚ್ಚಿದ್ದಾರೆ. ಈ ಶಾಯಿಗೆ ನೀರು ತಾಗಬಾರದು ಎಂದು ಅವರಿಗೊಬ್ಬರಿಗೆ ಹೇಳಿರಲಿಲ್ಲ.

ಬಸ್ಸು ಗೌರಿಬಿದನೂರು ಸೇರುವಷ್ಟರಲ್ಲಿ ನಾಲ್ಕೂ ಮೀಸೆಗಳು ಗಲ್ಲಕ್ಕೆ ಇಳಿದಿದ್ದವು. ಮಾವ ಡಿಸ್ಕನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿದರು, ಎತ್ತಿ ಹಿಡಿದು ತೂತಿನ ಮೂಲಕ ನನ್ನನ್ನೇ ನೋಡಿದರು.

"ತೂತಲ್ಲಿ ಯಾರೂ ಇಲ್ಲ ತಾನೇ?"

"ಯಾರೂ ಇಲ್ಲ ಮಾವ."

"ಬರ್ತೀನಿ. ಆದ್ರೆ ಫೋಟೋಗೆ ಯಾರು ಎಲ್ಲಿ ನಿಲ್ಲಬೇಕು ಅಂತ ನಾನು ಹೇಳ್ತೀನಿ."

ಅತ್ತೆ ಅಡುಗೆಮನೆಯಿಂದ ಬಂದು ಡಿಸ್ಕ್ ನೋಡಿದರು. "ಒಬ್ಬರ ಸಿಟ್ಟೇ ತಡ್ಯಕ್ಕಾಗಲ್ಲ, ನಾಲ್ಕು ಜನನ್ನ ತಂದಿದ್ದೀಯಲ್ಲಪ್ಪ" ಅಂದರು.

೫. ಮದುವೆ ಫೋಟೋ

ಮಾವ ಹಿಂದಿನ ದಿನವೇ ಬಂದರು. ಮುಹೂರ್ತಕ್ಕೆ ತಂಗಿಯನ್ನು ಮಂಟಪಕ್ಕೆ ಕರೆತಂದರು, ಅಮ್ಮ ಅತ್ತು ಸಮಾಧಾನ ಮಾಡಿಕೊಂಡರು. ಎಲ್ಲ ಮುಗಿದು ದೊಡ್ಡ ಫೋಟೋಗೆ ನಿಂತೆವು. ನಡುವೆ ಗಂಡು ಹೆಣ್ಣಿಗೆಂದು ಎರಡು ಕೆಂಪು ಸಿಂಹಾಸನದಂಥ ಕುರ್ಚಿ.

ಮಾವ ಕ್ಯಾಮೆರಾದ ಪಕ್ಕ ಹೋಗಿ ನಿಂತು ಅಳತೆ ನೋಡಿದರು. ಆ ಕುರ್ಚಿಗಳ ಜಾಗದಲ್ಲಿ ಯಾರೂ ಇರಕೂಡದು, ಅಲ್ಲಿ ತೂತು ಬರುತ್ತದೆ ಎಂದರು. ಫೋಟೋಗ್ರಾಫರ್ ಇದು ಆಲ್ಬಮ್ಮಿಗೆ, ಆಲ್ಬಮ್ಮಿಗೆ ತೂತು ಇರುವುದಿಲ್ಲ ಎಂದು ಬೇಡಿಕೊಂಡ. ಮಾವ ನನ್ನ ಕಡೆ ಕೈ ತೋರಿಸಿದರು. "ಈ ಮೇಷ್ಟ್ರು ಇರೋವರ್ಗೂ ಯಾವ ಫೋಟೋನೂ ನಂಬಕ್ಕಾಗಲ್ಲ. ಇವತ್ತು ಮದುವೆ ಆಗೈತೆ, ಮಕ್ಕಳ ಮುಖಕ್ಕೆ ಗೂಟ ಹೊಡೆಸಲ್ಲ ನಾನು."

ನಾನು ಬಾಯಿ ತೆರೆದೆ. ಅಮ್ಮ ನನ್ನ ತೋಳು ಹಿಂಡಿ, ಇನ್ನೇನೂ ವಿವರಿಸಬೇಡ ಎಂದು ಕಣ್ಣಲ್ಲೇ ಹೇಳಿದರು.

ಹಾಗಾಗಿ ನಮ್ಮ ಆಲ್ಬಮ್ಮಿನ ಮೊದಲ ಪುಟದಲ್ಲಿ ಎರಡೂ ಕಡೆಯ ನೆಂಟರು ಉಂಗುರದ ಹಾಗೆ ಸುತ್ತ ನಿಂತಿದ್ದೇವೆ. ನಡುವೆ ಎರಡು ಖಾಲಿ ಸಿಂಹಾಸನ. ತಂಗಿ, ಅವಳ ಗಂಡ ಎಡತುದಿಯಲ್ಲಿ ವಾಲಗದವರ ಡೋಲಿನ ಹಿಂದೆ ಅರ್ಧ ಕಾಣುತ್ತಾರೆ. ಇವತ್ತಿಗೂ ಚಿಂತಾಮಣಿಯಲ್ಲಿ ಆ ಆಲ್ಬಮ್ ತೆರೆದ ಹೊಸಬರೆಲ್ಲ ದನಿ ತಗ್ಗಿಸಿ ಒಂದೇ ಮಾತು ಕೇಳುತ್ತಾರಂತೆ: "ಇಷ್ಟೊಂದು ಜನ ಬಂದಿದ್ದಾರೆ, ಗಂಡು ಹೆಣ್ಣು ಯಾಕೆ ಬರಲಿಲ್ಲ?"