ವಿಷಯ: ಸಜ್ಜೆ ರೊಟ್ಟಿ ಖರೀದಿಸುವ ಕುರಿತು

ಇಪ್ಪತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಪತ್ರ ಬರೆದವನ ಕೈಗೆ ಏನು ಕೊಟ್ಟರೂ ಅದು ಸರ್ಕಾರಿ ಪತ್ರವಾಗಿಯೇ ಹೊರಗೆ ಬರುತ್ತದೆ. ನಾನು ಬೀದರಿನ ಒಂದು ಕಚೇರಿಯಲ್ಲಿ ಅಧೀಕ್ಷಕ. ಮೊದಲು ವಿಷಯ, ಅದರ ಕೆಳಗೆ ಉಲ್ಲೇಖ, ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ಕೊನೆಗೆ ಯಾರು ಯಾರಿಗೆ ಪ್ರತಿ ಕಳಿಸಿದೆ ಎಂಬ ಪಟ್ಟಿ. ಇಷ್ಟೂ ಇಲ್ಲದ ಕಾಗದ ನನ್ನ ಕಣ್ಣಿಗೆ ಅಂಗಿ ಇಲ್ಲದೆ ಮದುವೆಗೆ ಬಂದ ಬೀಗರ ಹಾಗೆ ಕಾಣುತ್ತದೆ. ಮದುವೆಯ ಹೊಸದರಲ್ಲಿ ತವರಿಗೆ ಹೋಗಿದ್ದ ಹೆಂಡತಿಗೆ ‘ತಾವು ಮರಳುವ ದಿನಾಂಕವನ್ನು ಮರುಟಪಾಲಿನಲ್ಲಿ ತಿಳಿಸತಕ್ಕದ್ದು’ ಎಂದು ಬರೆದು, ಆಕೆ ಅದೇ ಸಿಟ್ಟಿಗೆ ಇನ್ನೂ ಒಂದು ವಾರ ಅಲ್ಲಿಯೇ ಉಳಿದದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಪ್ರತಿ ದೀಪಾವಳಿಗೆ ಹೇಳುವ ಕಥೆ. ಇದರ ಮೇಲೆ ನನಗೆ ಚಿಂತೆಯ ಚಟ ಬೇರೆ. ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ವಾಪಸು ಬಂದು, ಕೀಲಿ ಸರಿಯಾಗಿ ಹಾಕಿರುವುದನ್ನು ಕಂಡು ಸಮಾಧಾನಪಟ್ಟು, ಕೀಲಿಕೈಯನ್ನು ಅದೇ ಆಟೋದಲ್ಲಿ ಬಿಟ್ಟವನು ನಾನು.

ಇಂಥವನಿಗೆ ನನ್ನ ಹೆಂಡತಿ ಶೋಭಾ ಜಾಹೀರಾತು ಬರೆಯುವ ಕೆಲಸ ಕೊಟ್ಟಳು. ಎರಡು ವರ್ಷದಿಂದ ಆಕೆ ಆನ್‌ಲೈನಿನಲ್ಲಿ ರೊಟ್ಟಿ ಮಾರುತ್ತಾಳೆ. ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ಅವಳ ಅಕ್ಕ ಸುಮಿತ್ರಕ್ಕ ಮತ್ತು ಅವರ ಓಣಿಯ ನಾಲ್ಕು ಜನ ಹೆಂಗಸರು ರೊಟ್ಟಿ ಬಡಿದು ಒಣಗಿಸಿ ಕಳಿಸುತ್ತಾರೆ. ಬೀದರಿನ ನಮ್ಮ ಪಡಸಾಲೆಯಲ್ಲಿ ಅವು ಡಬ್ಬಿ ಸೇರಿ, ಪುಣೆ, ಹೈದರಾಬಾದು, ಬೆಂಗಳೂರಿನ ಕಡೆ ಇರುವ ನಮ್ಮ ಜಿಲ್ಲೆಯವರಿಗೆ ಹೋಗುತ್ತವೆ. ಈ ಸಲ ಎಳ್ಳಮಾವಾಸ್ಯೆಗೆ ಹೊಸ ಯೋಚನೆ: ಎಳ್ಳು ಹಚ್ಚಿದ ಹತ್ತು ಸಜ್ಜೆ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ಆ ದಿನ ಹೊಲದಲ್ಲಿ ಕೂತು, ಕಾಳು ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿಯ ಜೊತೆ ಸಜ್ಜೆ ರೊಟ್ಟಿ ತಿನ್ನದವನು ನಮ್ಮ ಕಡೆಯವನೇ ಅಲ್ಲ. ದೂರದ ಊರಿನಲ್ಲಿ ಹೊಲ ಎಲ್ಲಿಂದ ತರಬೇಕು? ಡಬ್ಬಿಯಾದರೂ ಬರಲಿ ಎಂಬುದು ಶೋಭಾಳ ಲೆಕ್ಕಾಚಾರ. ಫೋನಿನಲ್ಲಿ ಕಳಿಸಿದ ಸಂದೇಶ ಶುಭೋದಯದ ಗುಲಾಬಿ ಹೂವುಗಳ ರಾಶಿಯಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಹಳೆಯ ಗಿರಾಕಿಗಳು ಇನ್ನೂರಾ ಹನ್ನೆರಡು ಮಂದಿಗೂ ಇ-ಮೇಲ್ ಹೋಗಬೇಕು, ಅದನ್ನು ನಾನು ಬರೆಯಬೇಕು.

ತೊಂದರೆ ಏನೆಂದರೆ, ನಾನು ಹೂಂ ಅಂದದ್ದೇ ತಡ, ಸುಮಿತ್ರಕ್ಕ ಎರಡು ಚೀಲ ಸಜ್ಜೆ ಗಿರಣಿಗೆ ಹಾಕಿಸಿಬಿಟ್ಟಿದ್ದರು. “ನಮ್ಮ ಸಾಹೇಬ್ರು ಬರೀತಾರಂದ ಮ್ಯಾಲ ಮುಗೀತು ಬಿಡು,” ಅಂದರಂತೆ. ಜೋಳದ ಹಿಟ್ಟು ಸಂಭಾವಿತ, ಕಾಯುತ್ತದೆ. ಸಜ್ಜೆ ಹಿಟ್ಟು ಹಾಗಲ್ಲ. ಬೀಸಿ ಹತ್ತು ದಿನವಾದರೆ ಕಹಿ ಹತ್ತುತ್ತದೆ, ಆಮೇಲೆ ಎಮ್ಮೆಗೇ ಗತಿ. ಐದು ಜನ ಹೆಂಗಸರು ಹೊಲದ ಕೆಲಸ ಬಿಟ್ಟು, ಕಟ್ಟಿಗೆ ಒಟ್ಟಿಕೊಂಡು, ನನ್ನ ಲೇಖನಿಯ ದಾರಿ ನೋಡುತ್ತ ಕೂತಿದ್ದರು. ನನಗೆ ಊಟ ಸೇರಲಿಲ್ಲ.

ಎರಡು ದಿನ ಬೆವರು ಸುರಿಸಿ ಮೊದಲ ಕರಡು ತಯಾರು ಮಾಡಿದೆ. ‘ವಿಷಯ: ಸಜ್ಜೆ ರೊಟ್ಟಿ ಖರೀದಿಸುವ ಕುರಿತು. ಉಲ್ಲೇಖ: ಕಳೆದ ಸಾಲಿನಲ್ಲಿ ತಾವು ಖರೀದಿಸಿದ ಜೋಳದ ರೊಟ್ಟಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ...’ ಶೋಭಾ ಓದಿದಳು. ಇನ್ನೊಂದು ಸಲ ಓದಿದಳು.

“ರೀ, ಇದು ರೊಟ್ಟಿ ತಗೋರಿ ಅಂತ ಅದನೋ, ಖುದ್ದ ಹಾಜರಾಗ್ರಿ ಅಂತ ಅದನೋ? ಓದಿದ ಮಂದಿ ವಕೀಲರ ಕಡಿ ಓಡ್ತಾರ.”

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಮೊಯಿನ್ ಸಾಹೇಬರನ್ನು ಕೇಳಿದೆ. ಚಪ್ಪಲಿಯಿಂದ ಕುಕ್ಕರಿನ ತನಕ ಎಲ್ಲವನ್ನೂ ಆನ್‌ಲೈನಿನಲ್ಲೇ ತರಿಸುವವರು ಅವರು. “ಘಾಬರಿ ಮಾಡಿಸಬೇಕ್ರಿ ಸಾಹೇಬ್ರ. ಇವತ್ತೇ ಆಖರಿ ಮೌಕಾ ಅನ್ರಿ. ನನಗ ಹಿಂಗೇ ಹೇಳಿ ಮೂರು ಛತ್ರಿ ಮಾರ್ಯಾರ,” ಅಂದರು. ನಾನೂ ಬರೆದೆ: ‘ಇಂದೇ ಕೊನೆಯ ಅವಕಾಶ.’ ಬರೆದ ಮೇಲೆ ಚಿಂತೆ ಶುರುವಾಯಿತು. ನಾಳೆ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇವೆಯೇ? ಕೊಟ್ಟರೆ ಇವತ್ತು ಹೇಳಿದ್ದು ಸುಳ್ಳಾಗುವುದಿಲ್ಲವೇ? ಕೆಳಗೆ ಸೇರಿಸಿದೆ: ‘ಆದಾಗ್ಯೂ ನಾಳೆ ಬರುವ ಕೋರಿಕೆಗಳನ್ನೂ ಪರಿಗಣಿಸಲಾಗುವುದು.’ ಹಾಗೆಯೇ ಇನ್ನು ಕೆಲವು ಚಿಂತೆಗಳು ತಾವೇ ಬಂದು ಸೇರಿಕೊಂಡವು. ರೊಟ್ಟಿ ದಾರಿಯಲ್ಲಿ ಮುರಿಯಬಹುದು. ಹಲ್ಲು ಸಡಿಲಿದ್ದವರು ಹಾಲಿನಲ್ಲಿ ನೆನೆಸಿ ತಿನ್ನತಕ್ಕದ್ದು. ಎಳ್ಳು ಉದುರಿದರೆ ಅದಕ್ಕೆ ಸಂಸ್ಥೆ ಹೊಣೆಯಲ್ಲ. ಗಿರಾಕಿಗೆ ಯಾವ ಮಾಹಿತಿಯೂ ಕಡಿಮೆಯಾಗಬಾರದೆಂದು, ‘ಭಜ್ಜಿಗೆ ಹುಣಸೆಹುಳಿ ಹಿಂಡುವುದು ವಾಡಿಕೆಯಲ್ಲಿರುತ್ತದೆ’ ಎಂಬ ಒಂದು ಸಾಲನ್ನೂ ಹಾಕಿದೆ. ಆ ಸಾಲು ಏನು ಮಾಡಲಿದೆ ಎಂಬ ಒಂದು ಚಿಂತೆ ಮಾತ್ರ, ನೋಡಿ, ನನಗೆ ಬರಲೇ ಇಲ್ಲ.

“ಹಿಟ್ಟು ನಿಮ್ಮ ಸಲುವಾಗಿ ಕಾಯಂಗಿಲ್ರಿ. ಏನರೆ ಒಂದು ಹೋಗ್ಲಿ,” ಅಂದಳು ಶೋಭಾ. ಕಳಿಸಿದೆ. ಕಳಿಸುವಾಗ ಕಚೇರಿಯ ಶಿಸ್ತು ಬಿಡಲಿಲ್ಲ. ಯಾರು ಯಾರಿಗೆ ಪ್ರತಿ ಹೋಗಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕಲ್ಲವೇ? ಇನ್ನೂರಾ ಹನ್ನೆರಡು ವಿಳಾಸಗಳನ್ನೂ ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ, ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದೆ.

ಮರುದಿನ ಅದನ್ನು ಫೋನಿನಲ್ಲಿ ತೋರಿಸಿದರೆ ಮೊಯಿನ್ ಸಾಹೇಬರು ಹಣೆಗೆ ಕೈ ಹಚ್ಚಿದರು. “ಇದೇನ್ ಮಾಡೀರಿ ಸಾಹೇಬ್ರ? ಮಂದಿ ಪತ್ತಾ ಎಲ್ಲಾ ಊರಿಗಿ ಹಂಚೀರಲ್ಲ! ಈಗ ಒಬ್ರು ಜವಾಬ್ ಬರದ್ರ ಎಲ್ಲರಿಗೂ ಹೋಗ್ತದ.” ಯಾವ ಕಲಮಿನಡಿ ನನ್ನನ್ನು ಒಳಗೆ ಹಾಕುತ್ತಾರೆ, ಪಿಂಚಣಿಗೆ ತೊಂದರೆಯಾಗುತ್ತದೆಯೇ ಎಂದು ಯೋಚಿಸುತ್ತ ಮಧ್ಯಾಹ್ನದ ಡಬ್ಬಿಯನ್ನು ಮುಚ್ಚಿದಂತೆಯೇ ಮನೆಗೆ ತಂದೆ.

ಮನೆಗೆ ಬಂದು ನೋಡಿದರೆ ಇ-ಮೇಲಿನಲ್ಲಿ ಸಂತೆ ನೆರೆದಿತ್ತು. ಮೊದಲನೆಯದು ಔರಾದ ತಾಲ್ಲೂಕಿನ ಠಾಣಾ ಕುಶನೂರದವರು, ಈಗ ಪುಣೆಯಲ್ಲಿರುವ ನಿವೃತ್ತ ಮಾಸ್ತರರು ಬರೆದದ್ದು: “ಭಜ್ಜಿಗಿ ಹುಣಸಿ ಹಿಂಡೋದು ಯಾವ ಊರಿನ ವಾಡಿಕಿರೀ? ನಮ್ಮ ಕಡಿ ಹುಳಿ ಮಜ್ಜಗಿ. ತಿಳಿಲಾರದ್ದು ಬರೀಬ್ಯಾಡ್ರಿ.” ಹದಿನೈದು ನಿಮಿಷಕ್ಕೆ ಹೈದರಾಬಾದಿನಿಂದ ಭಾಲ್ಕಿಯ ಕಮಲಾಬಾಯಿಯವರ ಉತ್ತರ: “ಮಾಸ್ತರ್ರೇ, ಮಜ್ಜಗಿ ಹಾಕಿದ್ರ ಅದಕ್ಕ ಭಜ್ಜಿ ಅನ್ನಲ್ರಿ, ಕಢಿ ಸಾರು ಅಂತಾರ. ಭಾಲ್ಕಿಗಿ ಬರ್ರಿ, ಉಣ್ಣಸಿ ಕಳಸ್ತೀನಿ.” ಅಲ್ಲಿಂದ ಮುಂದೆ ಔರಾದದವರು ಒಂದು ಕಡೆ, ಭಾಲ್ಕಿಯವರು ಒಂದು ಕಡೆ. ಬೀದರ ಶಹರದವರು ಎಂದಿನಂತೆ ಇಬ್ಬರಿಗೂ ಹೌದು ಹೌದು ಅನ್ನುತ್ತ ನಡುವೆ ಕೂತರು. ಒಬ್ಬರಿಗೆ ಶಾಲೆಯ ಗೆಳೆಯ ಸಿಕ್ಕ. ಇನ್ನೊಬ್ಬರಿಗೆ ದೂರದ ಬೀಗರು ಸಿಕ್ಕರು. ವಿಳಾಸ ಹಂಚಿದ್ದಕ್ಕೆ ಬೈದವರು ಒಬ್ಬರೂ ಇಲ್ಲ. ರೊಟ್ಟಿ ಬೇಕೆಂದವರೂ ಒಬ್ಬರಿಲ್ಲ.

ಹೀಗೆ ಎರಡು ದಿನ. ಮೂರನೆಯ ದಿನ ಮುಂಜಾನೆ ಸುಮಿತ್ರಕ್ಕನ ಫೋನು. “ಶೋಭಾ, ಹಿಟ್ಟು ಮೂಸಿ ನೋಡಿದೆ. ಇವತ್ತ ಚಲೋ ಅದ, ನಾಡ್ದ ಹೇಳಲಾಕ ಬರಲ್ಲ. ಇವರಿಗಿ ಕೆಲಸಕ್ಕ ಹೋಗ್ರಿ ಅನ್ಲೇನು?” ಆ ಐದು ಜನರ ಮುಖ ನನ್ನ ಕಣ್ಣ ಮುಂದೆ ಬಂತು. ಕೂಡಲೇ ಲ್ಯಾಪ್‌ಟಾಪ್ ತೆಗೆದು ಸ್ಪಷ್ಟೀಕರಣ ಬರೆಯಲು ಕೂತೆ. ‘ವಿಷಯ: ಭಜ್ಜಿಯ ಹುಳಿಗೆ ಸಂಬಂಧಿಸಿದ ವಿವಾದದ ಕುರಿತು.’ ಉಲ್ಲೇಖಕ್ಕೇ ಅರ್ಧ ಪುಟ ಆಯಿತು. ಶೋಭಾ ಫೋನು ಕೆಳಗಿಟ್ಟು, ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಬರೆದದ್ದನ್ನೆಲ್ಲ ಅಳಿಸಿ, ನಿಂತೇ ಎಲ್ಲರಿಗೂ ಬರೆದಳು:

“ಹುಣಸಿ ಹಾಕೋರು ಹಾಕ್ರಿ, ಮಜ್ಜಗಿ ಹಾಕೋರು ಹಾಕ್ರಿ. ರೊಟ್ಟಿ ಇಲ್ಲದ ಯಾವ ಭಜ್ಜಿನೂ ಗಂಟಲಾಗ ಇಳಿಯಲ್ಲ. ನಮ್ಮಕ್ಕ ಒಲಿ ಹಚ್ಚಿ ಕುಂತಾಳ. ಯಾರಿಗಿ ಎಷ್ಟು ಡಬ್ಬಿ? ಶೋಭಾ.”

ಮೊದಲ ಉತ್ತರ ಮಾಸ್ತರರದು: “ಎರಡು ಡಬ್ಬಿ.” ಅದರ ಹಿಂದೆಯೇ ಕಮಲಾಬಾಯಿಯವರದು: “ಮಾಸ್ತರ್ರಿಗಿ ಎರಡಾದ್ರ ನಮಗ ಮೂರು.” ಸಂಜೆಯೊಳಗೆ ಔರಾದ ಮತ್ತು ಭಾಲ್ಕಿಯ ಮಾನದ ಪ್ರಶ್ನೆಯಾಗಿ, ಎರಡು ಚೀಲದ ಹಿಟ್ಟು ಹೆಸರು ಹೆಸರಿಗೆ ಹಂಚಿಹೋಯಿತು. ನಾಲ್ಕು ದಿನ ಸಾಯಗಾಂವದ ಒಲೆ ಆರಲಿಲ್ಲ. ಸುಮಿತ್ರಕ್ಕ ಫೋನಿನಲ್ಲಿ ನನಗೂ ಒಂದು ಮಾತು ಹೇಳಿದರು: “ಸಾಹೇಬ್ರ, ಏನ್ ಬರ್ದೀರೋ ಏನೋ, ಮಂದಿ ಹುಚ್ಚಾಗ್ಯಾರ ನೋಡ್ರಿ.” ನಾನು ಸುಮ್ಮನೆ ಹೂಂ ಅಂದೆ. ಶೋಭಾ ನನ್ನ ಮುಖ ನೋಡಿದಳು.

ಪಾರ್ಸಲ್ಲಿನ ಗಾಡಿ ಬರುವ ದಿನ ಪಡಸಾಲೆಯ ತುಂಬ ಡಬ್ಬಿಗಳು. ಹುರಿದ ಎಳ್ಳಿನ ವಾಸನೆಗೆ ನನ್ನ ಹೊಟ್ಟೆ ವಾರದ ಉಪವಾಸವನ್ನೆಲ್ಲ ಒಮ್ಮೆಗೇ ನೆನಪಿಸಿಕೊಂಡಿತು. ಒಂದು ಡಬ್ಬಿಗೆ ಕೈ ಹಚ್ಚಿದೆ.

“ಮುಟ್ಟಬ್ಯಾಡ್ರಿ. ಎಲ್ಲಾ ಹೆಸರಿಗಿ ಹತ್ಯಾವ. ಬೇಕಂದ್ರ ಎಲ್ಲರಂಗ ಇ-ಮೇಲ್ ಮಾಡ್ರಿ,” ಅಂತ ಒಳಗಿನಿಂದಲೇ ಹುಕುಂ ಬಂತು.

ಹಸಿವು ಮನುಷ್ಯನಿಗೆ ಎಂಥ ಭಾಷೆ ಕಲಿಸುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅವಳ ಆ ಕೊನೆಯ ಇ-ಮೇಲ್ ತೆರೆದೇ ಇತ್ತು. ಅದಕ್ಕೇ ಉತ್ತರ ಬರೆದೆ: ‘ಶೋಭಾ, ಹಸಿದಿದ್ದೇನೆ. ಎರಡು ರೊಟ್ಟಿ ಕೊಡು.’ ವಿಷಯವಿಲ್ಲ, ಉಲ್ಲೇಖವಿಲ್ಲ. ಕಳಿಸಿ, ಒಂಥರಾ ಹೆಮ್ಮೆಯಿಂದ ಹಿಂದಕ್ಕೆ ಒರಗಿದೆ. ಹಾಗೆ ಒರಗಿದಾಗಲೇ ಮೇಲಿನ ಸಾಲಿನಲ್ಲಿ ಇನ್ನೂರಾ ಹನ್ನೆರಡು ವಿಳಾಸಗಳು ಅಕ್ಷರಮಾಲೆಯ ಕ್ರಮದಲ್ಲಿ ನಿಂತಿರುವುದು ಕಾಣಿಸಿತು.

ಮಾಸ್ತರರ ಉತ್ತರ ಐದೇ ನಿಮಿಷಕ್ಕೆ ಬಂತು: “ತಾಯಿ, ನಮ್ಮ ಡಬ್ಬಿ ಇನ್ನಾ ಹೋಗಿಲ್ಲಂದ್ರ ಅದರಾಗಿಂದು ಎರಡು ಸಾಹೇಬ್ರಿಗಿ ಕೊಡ್ರಿ. ಮನುಷ್ಯಾ ಮೊದಲನೇ ಸಲ ಚಲೋ ಬರದಾನ.” ಕಮಲಾಬಾಯಿ ಬಿಡುತ್ತಾರೆಯೇ? “ನಮ್ಮದರಾಗಿಂದೂ ಎರಡು ಕೊಡ್ರಿ. ಭಜ್ಜಿಗಿ ಮಾತ್ರ ಹುಣಸಿನೇ.”

ಶೋಭಾ ನಗುವುದನ್ನು ನಿಲ್ಲಿಸಲಿಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಇಬ್ಬರದೂ ಒಂದೊಂದು ಡಬ್ಬಿ ಬಿಚ್ಚಿ, ನಾಲ್ಕು ರೊಟ್ಟಿ ತಾಟಿಗೆ ಹಾಕಿ ತಂದಿಟ್ಟಳು. ಮೊದಲನೆಯದನ್ನು ಮುರಿದೆ. ಬಾಯಿಗೆ ಇಡುವಷ್ಟರಲ್ಲಿ ಒಂದು ಸಣ್ಣ ಚಿಂತೆ ಬಂತು: ಆ ಎರಡು ಡಬ್ಬಿಗಳಲ್ಲಿ ಈಗ ಎಂಟೆಂಟೇ ಉಳಿದವಲ್ಲ, ಕೊರತೆಯಾಗಿರುವುದನ್ನು ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸಬೇಡವೇ? ಮೆಲ್ಲಗೆ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದೆ. ಶೋಭಾ ಅದನ್ನು ಮುಚ್ಚಿ, ಅದರ ಮೇಲೆ ಶೇಂಗಾ ಚಟ್ನಿಯ ಬಟ್ಟಲು ಇಟ್ಟಳು.